ಗಿನಿ ಪಿಗ್ ಹೊಟ್ಟೆ ಉಬ್ಬಿದೆ ಅಂತ ಕರ್ಕೊಂಡು ಹೋದ್ರೆ "ವಾಂತಿ ಆಗ್ತಿದ್ಯಾ?" ಅಂತ ಕೇಳಿದ್ರು. ಅಲ್ಲೇ ಎದ್ದು ಬರಬೇಕಿತ್ತು

ಗಿನಿ ಪಿಗ್ ಸಾಕಿರೋರು ದಯವಿಟ್ಟು ಇದನ್ನ ಪೂರ್ತಿ ಓದಿ. ಉದ್ದ ಆಗುತ್ತೆ, ಒಂದೇ ಕ್ರಮದಲ್ಲಿ ಬರೆಯೋ ಮನಸ್ಥಿತಿಯಲ್ಲೂ ನಾನಿಲ್ಲ. ಹನ್ನೆರಡು ದಿನ ಆಯ್ತು, ಸಿಟ್ಟು ಇಳಿದಿಲ್ಲ. ಅರ್ಧ ಸಿಟ್ಟು ಆ ಕ್ಲಿನಿಕ್ ಮೇಲೆ, ಇನ್ನರ್ಧ ನನ್ನ ಮೇಲೇ. ಯಾಕಂದ್ರೆ ಆ ಔಷಧಿನ ಅದರ ಬಾಯಿಗೆ ಹಾಕಿದ್ದು ನನ್ನದೇ ಕೈ.

ನಮ್ಮನೇಲಿ ಎರಡು ಹೆಣ್ಣು ಇವೆ, ಚಿನ್ನಿ ಮತ್ತು ಬೆಲ್ಲ. ಕಾಯಿಲೆ ಬಿದ್ದಿದ್ದು ಚಿನ್ನಿ. ಮೂರು ವರ್ಷ, 920 ಗ್ರಾಂ ತೂಕ. ಫ್ರಿಜ್ ಬಾಗಿಲು ತೆಗೆದ ಸದ್ದಿಗೇ ಮನೆ ಕಿತ್ತುಹೋಗೋ ಹಾಗೆ ಕಿರುಚ್ಕೊಂಡು ಮುಂದೆ ಬರೋಳು. ಅವತ್ತು ಬೆಳಿಗ್ಗೆ ಬೆಲ್ಲ ಒಬ್ಬಳೇ ಬಂದಳು. ಚಿನ್ನಿ ಮೂಲೆಯಲ್ಲಿ ಬೆನ್ನು ಗೂನು ಮಾಡ್ಕೊಂಡು, ಮೈಯೆಲ್ಲಾ ರೋಮ ನಿಗುರಿಸ್ಕೊಂಡು, ಅರೆಗಣ್ಣು ಮುಚ್ಚಿ ಕೂತಿದ್ದಳು. ಹತ್ತಿರ ಹೋದ್ರೆ ಹಲ್ಲು ಕಡಿಯೋ ಸದ್ದು ಕೇಳಿಸ್ತಿತ್ತು. ಎತ್ಕೊಂಡೆ. ಯಾವಾಗಲೂ ಅಂಗೈ ಮೇಲೆ ಮೆತ್ತಗೆ ಹರಡ್ಕೊಳ್ಳೋ ಹೊಟ್ಟೆ, ಕಾಯಿಸಿದ ತಮಟೆ ಹಾಗೆ ಬಿಗಿದುಹೋಗಿತ್ತು. ಬೆರಳಲ್ಲಿ ಮೆಲ್ಲಗೆ ತಟ್ಟಿದ್ರೆ ಟೊಳ್ಳು ಸದ್ದು. ಅವಳು ಮಲಗೋ ಜಾಗದಲ್ಲಿ ಇದ್ದಿದ್ದೇ ನಾಲ್ಕೈದು ಹಿಕ್ಕೆ, ಅವೂ ಎಳ್ಳಿನ ಹಾಗೆ ಸಣ್ಣಗೆ ಒಣಗಿದ್ದವು.

ಕಾರಣ ನಾನೇ. ಅದನ್ನ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಯಾರೂ ಕೇಳೋದು ಬೇಡ. ಒಣಹುಲ್ಲು ಮುಗಿದು ಎರಡು ದಿನ ಆಗಿತ್ತು. ನಾಳೆ ತಂದ್ರಾಯ್ತು ಅಂತ ಪೆಲೆಟ್ ಜಾಸ್ತಿ ಹಾಕಿದೆ, ಎಲೆಕೋಸು ಒಂದು ದೊಡ್ಡ ತುಂಡು ಇಟ್ಟೆ. ಇವಕ್ಕೆ ಊಟದಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಒಣಹುಲ್ಲೇ ಇರಬೇಕು, ನಾರು ಹೋಗ್ತಾ ಇದ್ರೇನೇ ಕರುಳು ಓಡೋದು. ಗೊತ್ತಿತ್ತು. ಗೊತ್ತಿದ್ದೂ ಎರಡು ದಿನ ಅಂತ ಬಿಟ್ಟೆ.

ಸರಿ, ಕ್ಲಿನಿಕ್ ವಿಷಯಕ್ಕೆ ಬರ್ತೀನಿ.

ಹೋಗೋಕೆ ಮುಂಚೆ ಫೋನ್ ಮಾಡಿ ಕೇಳಿದ್ದೆ. ಇದನ್ನ ಯಾಕೆ ಒತ್ತಿ ಹೇಳ್ತಿದ್ದೀನಿ ಅಂದ್ರೆ, ಆಮೇಲೆ ಅವರು "ನೀವು ಮೊದಲೇ ಹೇಳಬೇಕಿತ್ತು" ಅಂದ್ರು. ನಾನು ಕೇಳಿದ್ದು ಇಷ್ಟೇ: "ಗಿನಿ ಪಿಗ್ ನೋಡ್ತೀರಾ?" ಉತ್ತರ: "ಎಲ್ಲಾ ಸಣ್ಣ ಪ್ರಾಣಿನೂ ನೋಡ್ತೀವಿ ಮೇಡಂ, ಕರ್ಕೊಂಡು ಬನ್ನಿ." ಬೋರ್ಡಿನಲ್ಲೂ ಮೊಲದ ಚಿತ್ರ ಇದೆ. ಬಿಲ್ಲಿನಲ್ಲಿ "ವಿಶೇಷ ಪ್ರಾಣಿ ತಪಾಸಣೆ" ಅಂತ ನಾಯಿ ಬೆಕ್ಕಿಗಿಂತ ದುಪ್ಪಟ್ಟು ಫೀಸು. ವಿಶೇಷ ಅಂದಮೇಲೆ ವಿಷಯ ಗೊತ್ತಿರೋರೇ ಇರ್ತಾರೆ ಅಂತ ಯಾರಾದ್ರೂ ಅಂದ್ಕೋತಾರೆ ತಾನೆ? ನಾನೂ ಅಂದ್ಕೊಂಡೆ.

ಡಾಕ್ಟ್ರು ಹೊಟ್ಟೆ ಒಂದ್ಸಲ ಒತ್ತಿ ನೋಡಿದ್ರು. ಚಿನ್ನಿ ಕೀರಲು ದನಿಯಲ್ಲಿ ಕಿರುಚಿದಳು. ಆಮೇಲೆ ಕೇಳಿದ್ರು, "ವಾಂತಿ ಆಗ್ತಿದ್ಯಾ?"

"ಇಲ್ಲ ಡಾಕ್ಟ್ರೇ" ಅಂದೆ.

"ವಾಂತಿ ಇಲ್ಲ ಅಂದ್ರೆ ಗಾಬರಿ ಪಡೋಂಥದ್ದು ಏನಿಲ್ಲ. ಬರೀ ಗ್ಯಾಸು."

ಆ ಮಾತು ಕೇಳಿ ನನಗೆ ಹೋದ ಜೀವ ಬಂದ ಹಾಗಾಯ್ತು. ಥ್ಯಾಂಕ್ಸ್ ಬೇರೆ ಹೇಳಿದೆ. ಇದನ್ನ ನೆನಪಿಟ್ಕೊಳ್ಳಿ, ಆಮೇಲೆ ಹೇಳ್ತೀನಿ.

ಎಕ್ಸ್‌ರೇ ಬೇಡ್ವಾ ಅಂತ ಕೇಳಿದ್ದಕ್ಕೆ "ಇಷ್ಟು ಚಿಕ್ಕದಕ್ಕೆ ಎಕ್ಸ್‌ರೇ ಯಾಕೆ" ಅಂದ್ರು. ಪಕ್ಕದ ರೂಮಿನಲ್ಲೇ ಮೆಷಿನ್ ಇತ್ತು. ಗ್ಯಾಸಿಗೆ ಮಕ್ಕಳಿಗೆ ಹಾಕೋ ಸಿಮೆಥಿಕೋನ್ ಡ್ರಾಪ್ಸ್ ಬರೆದ್ರು. ಜೊತೆಗೆ "ಇನ್‌ಫೆಕ್ಷನ್ ಆಗದೇ ಇರ್ಲಿ ಅಂತ" ಬಾಯಿಗೆ ಹಾಕೋ ಅಮಾಕ್ಸಿಸಿಲಿನ್ ಸಿರಪ್. "24 ಗಂಟೆ ಹುಲ್ಲು ಸಮೇತ ಏನೂ ಇಡಬೇಡಿ, ಹೊಟ್ಟೆಗೆ ರೆಸ್ಟ್ ಸಿಗ್ಲಿ" ಅಂದ್ರು. ನೋವಿಗೆ ಏನೂ ಕೊಡಲಿಲ್ಲ. ಐದು ನಿಮಿಷಕ್ಕೆ ಎಲ್ಲಾ ಮುಗೀತು.

ರಾತ್ರಿ ಒಂದು ಡೋಸ್ ಕೊಟ್ಟೆ. ಟವೆಲ್‌ನಲ್ಲಿ ಸುತ್ತಿ, ಮಡಿಲಲ್ಲಿ ಕೂರಿಸ್ಕೊಂಡು, ಸಿರಿಂಜ್‌ನಲ್ಲಿ ತೊಟ್ಟು ತೊಟ್ಟಾಗಿ. ಸಿಹಿ ಇತ್ತೇನೋ, ಅಷ್ಟು ನೋವಲ್ಲೂ ಒಂದೆರಡು ಸಲ ನೆಕ್ಕಿದಳು. ಬೆಳಿಗ್ಗೆ ಇನ್ನೊಂದು ಡೋಸ್. ಹುಲ್ಲು ತೆಗೆದಿಟ್ಟಿದ್ದೆ, ಅವರು ಹೇಳಿದ ಹಾಗೇ. ಬೆಳಿಗ್ಗೆ ಒಂದು ಹಿಕ್ಕೆನೂ ಇಲ್ಲ, ಕಿವಿ ಮುಟ್ಟಿದ್ರೆ ತಣ್ಣಗಿತ್ತು. ಕ್ಲಿನಿಕ್‌ಗೆ ಫೋನ್ ಮಾಡಿದ್ರೆ "ಔಷಧಿ ಹಿಡಿಯೋಕೆ ಟೈಮ್ ಬೇಕು ಮೇಡಂ, ಮೂರು ದಿನ ನೋಡಿ" ಅಂದ್ರು. ಮೂರು ದಿನ! ಊಟ ನಿಂತ ಗಿನಿ ಪಿಗ್‌ಗೆ ಮೂರು ದಿನ!

ಮೊಲ ಸಾಕಿರೋ ಗೆಳತಿಯೊಬ್ಬಳು "ಮೊದಲು ಅಲ್ಲಿಂದ ಬಿಡಿಸ್ಕೋ" ಅಂತ ಬೈದು ತಾನು ಹೋಗೋ ಡಾಕ್ಟ್ರ ನಂಬರ್ ಕೊಟ್ಟಳು. ದೂರ. ಆದ್ರೂ ಹೋದೆ.

ಆ ಡಾಕ್ಟ್ರು ಚಿನ್ನೀನ ಮುಟ್ಟೋಕೆ ಮುಂಚೆ "ಏನೇನು ಔಷಧಿ ಕೊಟ್ಟಿದ್ದೀರಿ, ತೋರಿಸಿ" ಅಂದ್ರು. ಬಾಟಲಿ ಕೈಗೆ ಕೊಟ್ಟೆ. ಲೇಬಲ್ ಓದಿ ಮೇಜಿನ ಮೇಲಿಟ್ರು. ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಕೇಳಿದ್ರು, "ಎಷ್ಟು ಸಲ ಕೊಟ್ರಿ?"

"ಎರಡು ಸಲ."

"ಇನ್ನು ಒಂದು ತೊಟ್ಟೂ ಕೊಡಬೇಡಿ."

ಅವರು ಹೇಳಿದ್ದು ಇಷ್ಟು. ಗಿನಿ ಪಿಗ್ ತಿಂದ ಹುಲ್ಲು ಕೊನೆಗೆ ಕರಗೋದು ಸೀಕಂ ಅನ್ನೋ ದೊಡ್ಡ ಕರುಳಿನ ಚೀಲದಲ್ಲಿ, ಅಲ್ಲಿರೋ ಒಳ್ಳೇ ಬ್ಯಾಕ್ಟೀರಿಯಾಗಳಿಂದ. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಪೆನಿಸಿಲಿನ್, ಹಾಗೇ ಕ್ಲಿಂಡಾಮೈಸಿನ್, ಲಿಂಕೋಮೈಸಿನ್, ಎರಿತ್ರೋಮೈಸಿನ್ ಇಂಥವನ್ನ ಬಾಯಿಗೆ ಕೊಟ್ರೆ ಆ ಒಳ್ಳೇವೇ ಸಾಯ್ತವೆ. ಖಾಲಿಯಾದ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಬೆಳೆದು ವಿಷ ಬಿಡುತ್ತೆ. ಭೇದಿ ಶುರುವಾಗಿ ಕೆಲವೇ ದಿನದಲ್ಲಿ ಪ್ರಾಣಿ ಹೋಗಬಹುದು. ಆಂಟಿಬಯೋಟಿಕ್ ಬೇಕೇ ಬೇಕು ಅಂದ್ರೆ ಎನ್‌ರೋಫ್ಲಾಕ್ಸಸಿನ್ ಥರದ್ದು ಬೇರೆ ಇವೆ, ಚಿನ್ನಿಗೆ ಅದೂ ಬೇಕಿರಲಿಲ್ಲ.

ಆಗ ನಾನು ಹೇಳಿದೆ, "ವಾಂತಿ ಇಲ್ಲ, ಹಾಗಾಗಿ ಗಾಬರಿ ಇಲ್ಲ ಅಂದ್ರು ಡಾಕ್ಟ್ರೇ."

ಅವರು ತಲೆ ಎತ್ತಿ ನೋಡಿದ್ರು. "ಗಿನಿ ಪಿಗ್‌ಗೆ ವಾಂತಿ ಮಾಡೋಕೇ ಆಗಲ್ಲಮ್ಮ. ಅದರ ಶರೀರವೇ ಹಾಗೆ. ಗ್ಯಾಸ್ ತುಂಬಿದ್ರೆ ಮೇಲಿಂದ ಹೊರಗೆ ಬರೋ ದಾರಿಯಿಲ್ಲ, ಅದಕ್ಕೇ ಇದು ಎಮರ್ಜೆನ್ಸಿ."

ನನಗೆ ಮುಖ ಎಲ್ಲಿಡಬೇಕು ಗೊತ್ತಾಗಲಿಲ್ಲ. ಹಿಂದಿನ ದಿನ ಅದೇ ಪ್ರಶ್ನೆಗೆ "ಇಲ್ಲ" ಅಂತ ನೆಮ್ಮದಿಯಿಂದ ಉತ್ತರ ಕೊಟ್ಟು, ಥ್ಯಾಂಕ್ಸ್ ಹೇಳಿ, ದುಪ್ಪಟ್ಟು ಫೀಸು ಕೊಟ್ಟು ಬಂದಿದ್ದೆ. ಆ ಮನುಷ್ಯರಿಗೆ ಈ ಪ್ರಾಣಿ ಬಗ್ಗೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು, ಅವತ್ತೇ ಬೇರೆ ಕಡೆ ಓಡ್ತಿದ್ದೆ. ಒಂದು ಇಡೀ ರಾತ್ರಿ ಉಳೀತಿತ್ತು. ಅದೇ ನನ್ನ ಸಂಕಟ. ಗೊತ್ತಿಲ್ಲದೇ ಇರೋದು ತಪ್ಪಲ್ಲ, ಗೊತ್ತಿದೆ ಅಂತ ದುಡ್ಡು ತಗೊಂಡ್ರಲ್ಲ!

ಅಲ್ಲೇ ಎಕ್ಸ್‌ರೇ ಆಯ್ತು. ಗ್ಯಾಸ್ ಕಪ್ಪಗೆ ಕಾಣುತ್ತೆ. ಜಠರದಲ್ಲಿ ಒಂದು ಕಪ್ಪು ಬಲೂನು, ಸೀಕಂ ಉದ್ದಕ್ಕೂ ಇನ್ನಷ್ಟು ಕಪ್ಪು. ಜಠರ ತಿರುಚಿಕೊಂಡಿರಲಿಲ್ಲ, ಪುಣ್ಯ. ತಿರುಚಿಕೊಂಡಿದ್ರೆ ಬದುಕೋ ಆಸೆ ತೀರಾ ಕಮ್ಮಿ, ಅದು ಹೊರಗಿಂದ ಮುಟ್ಟಿ ಗೊತ್ತಾಗಲ್ಲ, ಎಕ್ಸ್‌ರೇಯಲ್ಲೇ ಗೊತ್ತಾಗೋದು. ನೋವಿಗೆ ಇಂಜೆಕ್ಷನ್ ಕೊಟ್ರು. ಚರ್ಮದ ಕೆಳಗೆ ದ್ರವ ಹಾಕಿದ್ರು. ಎಲ್ಲೂ ಅಡ್ಡ ಸಿಕ್ಕಿಲ್ಲ ಅಂತ ಖಚಿತ ಆದಮೇಲೆ ಕರುಳು ಓಡೋ ಔಷಧಿ. ನೋವು ಇದ್ದಷ್ಟೂ ಇವು ತಿನ್ನಲ್ಲ, ತಿನ್ನದೇ ಇದ್ದಷ್ಟೂ ಕರುಳು ನಿಲ್ಲುತ್ತೆ, ಗ್ಯಾಸ್ ಇನ್ನೂ ಜಾಸ್ತಿ ಆಗುತ್ತೆ. ನೋವು ಕಮ್ಮಿ ಮಾಡೋದೇ ಅರ್ಧ ಚಿಕಿತ್ಸೆ ಅಂದ್ರು. ಮೊದಲನೇ ಕಡೆ ಅದನ್ನೇ ಕೊಟ್ಟಿರಲಿಲ್ಲ.

ಹುಲ್ಲು ತೆಗೆದಿಟ್ಟಿದ್ದು ಕೇಳಿ ಅವರಿಗೂ ಸಿಟ್ಟು ಬಂತು. ಹುಲ್ಲು ಯಾವಾಗಲೂ ಮುಂದೆ ಇರಬೇಕು. ಆದ್ರೆ ಒಂದು ಮಾತು, ಹೊಟ್ಟೆ ಬಲೂನ್ ಆಗಿರೋವಾಗ ಸಿರಿಂಜ್‌ನಲ್ಲಿ ಬಲವಂತವಾಗಿ ತಿನ್ನಿಸಬಾರದು. ಚಿನ್ನಿಗೂ ಜಠರ ಇಳಿದಿದೆ ಅಂತ ನೋಡಿದ ಮೇಲೇ ಹುಲ್ಲಿನ ಪುಡಿ ಕಲಸಿ ತಿನ್ನಿಸೋಕೆ ಹೇಳಿದ್ದು. ನೆಟ್ಟಗೆ ಕೂರಿಸಿ, ಬೆನ್ನ ಮೇಲೆ ಮಲಗಿಸದೆ, ಮುಂದಿನ ಹಲ್ಲಿನ ಹಿಂದೆ ಪಕ್ಕದಿಂದ ಸಿರಿಂಜ್ ತುದಿ ಇಟ್ಟು, ಅರ್ಧ ಎಂಎಲ್ ಹಾಕಿ ಅಗಿದು ನುಂಗೋವರೆಗೂ ಕಾಯ್ಬೇಕು. ಅವಸರ ಮಾಡಿದ್ರೆ ಶ್ವಾಸಕೋಶಕ್ಕೆ ಹೋಗುತ್ತೆ. ಜೊತೆಗೆ ವಿಟಮಿನ್ ಸಿ. ನಮ್ಮ ಹಾಗೇ ಇವಕ್ಕೂ ಅದನ್ನ ಮೈಯಲ್ಲಿ ತಯಾರು ಮಾಡ್ಕೊಳ್ಳೋಕೆ ಬರಲ್ಲ, ಊಟ ನಿಂತ್ರೆ ಅದೂ ನಿಂತ ಹಾಗೆ.

ನಾಲ್ಕು ರಾತ್ರಿ ಮೂರು ಗಂಟೆಗೊಮ್ಮೆ ಅಲಾರಂ. ಮೂರನೇ ದಿನ ಭೇದಿ ಶುರುವಾಯ್ತು. ನಾನು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡು ಅತ್ತೆ. ಆ ಎರಡು ಡೋಸ್‌ನದ್ದೇ ಇದು ಅಂತ ನನಗೆ ಗ್ಯಾರಂಟಿ ಅನ್ನಿಸ್ತು. ಮತ್ತೆ ಓಡಿದೆ, ಮತ್ತೆ ದ್ರವ. ತೂಕ 920ರಿಂದ 788ಕ್ಕೆ ಇಳೀತು. ಬೆಲ್ಲ ಇಡೀ ಹೊತ್ತು ಅವಳ ಪಕ್ಕಕ್ಕೇ ಅಂಟ್ಕೊಂಡಿದ್ದಳು, ಬೇರೆ ಮಾಡಬೇಡಿ ಅಂತ ಡಾಕ್ಟ್ರೇ ಹೇಳಿದ್ರು. ಐದನೇ ದಿನ ಬೆಳಗಿನ ಜಾವ ಬಿಳಿ ಬಟ್ಟೆ ಮೇಲೆ ಗಟ್ಟಿಯಾದ ಒಂದು ಹಿಕ್ಕೆ ಕಂಡಿತು. ಒಂದೇ ಒಂದು. ಅದನ್ನ ಫೋಟೋ ತೆಗೆದು ಡಾಕ್ಟ್ರಿಗೆ ಕಳಿಸಿದೆ.

ಈಗ ಆ ಕ್ಲಿನಿಕ್‌ನವರ ಉತ್ತರಗಳು. ಇವನ್ನ ಬರೆಯದೇ ಇದ್ರೆ ನನಗೆ ನಿದ್ದೆ ಬರಲ್ಲ.

ಮೊದಲ ಮೆಸೇಜಿಗೆ: "ಮಕ್ಕಳಿಗೇ ಕೊಡೋ ಔಷಧಿ ಮೇಡಂ, ತೊಂದ್ರೆ ಏನೂ ಇಲ್ಲ." ಮಕ್ಕಳಿಗೆ ಸೀಕಂನಲ್ಲಿ ಹುಲ್ಲು ಕರಗಿಸೋ ಕೆಲಸ ಇದೆಯಾ? ಎರಡನೇ ಡಾಕ್ಟ್ರು ಹೇಳಿದ್ದನ್ನ ಬರೆದೆ. "ನೆಟ್‌ನಲ್ಲಿ ಓದಿ ಹೆದರ್ಕೋಬೇಡಿ" ಅಂತ ಬಂತು. ನೆಟ್‌ನಲ್ಲಿ ಓದಿದ್ದಲ್ಲ, ಡಾಕ್ಟ್ರೇ ಹೇಳಿದ್ದು ಅಂತ ಚೀಟಿ ಫೋಟೋ ಕಳಿಸಿದೆ. ಎರಡು ದಿನ ಉತ್ತರ ಇಲ್ಲ. ಆಮೇಲೆ "ಈ ಥರ ಪ್ರಾಣಿಗಳು ಸೂಕ್ಷ್ಮ, ಸಾಮಾನ್ಯವಾಗಿ ಉಳಿಯಲ್ಲ, ನೀವು ಬೇರೆ ಒಂದು ತಗೊಳ್ಳಿ" ಅಂತ. ಬೇರೆ ಒಂದು! ಅವಳು ಆಗ ನನ್ನ ಮಡಿಲಲ್ಲೇ ಇದ್ದಳು, ಬದುಕೇ ಇದ್ದಳು.

ಫೀಸು ವಾಪಸ್ ಕೇಳಿದೆ. ದುಡ್ಡಿನ ಆಸೆಗಲ್ಲ, ತಪ್ಪಾಯ್ತು ಅನ್ನೋದಕ್ಕೆ ಒಂದು ಗುರುತು ಬೇಕಿತ್ತು. "ತಪಾಸಣೆ ಆಗಿದೆ, ವಾಪಸ್ ಬರಲ್ಲ. ಮುಂದಿನ ಸಲ ಬಂದಾಗ ರಿಯಾಯಿತಿ ಕೊಡ್ತೀವಿ" ಅಂದ್ರು. ಇವತ್ತಿನವರೆಗೂ "ತಪ್ಪಾಯ್ತು" ಅನ್ನೋ ಶಬ್ದ ಬಂದಿಲ್ಲ. ಬೋರ್ಡಿನ ಮೇಲಿನ ಮೊಲವೂ ಹಾಗೇ ಇದೆ. ಚೀಟಿ, ಬಿಲ್ಲು, ಬಾಟಲಿ ಮೂರನ್ನೂ ಎತ್ತಿಟ್ಟಿದ್ದೀನಿ, ದೂರು ಬರೀತಿದ್ದೀನಿ.

ನಿಮ್ಮದು ಚೆನ್ನಾಗಿರೋವಾಗಲೇ ಡಾಕ್ಟ್ರನ್ನ ಹುಡುಕಿಟ್ಕೊಳ್ಳಿ. ಫೋನಿನಲ್ಲಿ "ನೋಡ್ತೀರಾ?" ಅಂತ ಕೇಳಬೇಡಿ, ಯಾರೂ ಇಲ್ಲ ಅನ್ನಲ್ಲ. "ಗಿನಿ ಪಿಗ್‌ಗೆ ಬಾಯಿಗೆ ಯಾವ ಆಂಟಿಬಯೋಟಿಕ್ ಕೊಡಬಾರದು?" ಅಂತ ಡಾಕ್ಟ್ರನ್ನೇ ಕೇಳಿ. ತಡವರಿಸಿದ್ರೆ ಬಿಟ್ಟುಬಿಡಿ. ಹೊಟ್ಟೆ ಬಿಗಿದು ಊಟ ಬಿಟ್ರೆ ಅವತ್ತೇ ಹೋಗಿ, ಡ್ರಾಪ್ಸ್ ಹಾಕಿ ಬೆಳಿಗ್ಗೆವರೆಗೆ ನೋಡೋಣ ಅಂತ ಕೂರಬೇಡಿ. ಅಡುಗೆಮನೆ ತಕ್ಕಡಿಯಲ್ಲಿ ತೂಕ ನೋಡ್ತಾ ಇರಿ. ಒಣಹುಲ್ಲು ಮುಗಿಯೋಕೆ ಬಿಡಬೇಡಿ, ಇದು ನನಗೇ ಹೇಳ್ಕೊಳ್ತಿರೋದು.

ಇವತ್ತು ಬೆಳಿಗ್ಗೆ ಫ್ರಿಜ್ ತೆಗೆದಾಗ ಇಬ್ಬರೂ ಕಿರುಚಿದ್ರು. ಚಿನ್ನಿ ದನಿ ಇನ್ನೂ ಸಣ್ಣಗಿದೆ. ತೂಕ 871.