ಒಂದು ಅಲ್ಟ್ರಾಸೌಂಡ್, ಮೂರು ಯಂತ್ರ: 386, 486, ಪೆಂಟಿಯಂನಲ್ಲಿ ಹಾಕಿ ನೋಡಿದ ಮೇಲೆ

ಹನ್ನೊಂದು ವರ್ಷ ಕಾದಿದ್ದ ಕಾರ್ಡ್ ಇದು. ಕೆನಡಾದಲ್ಲಿರುವ ನನ್ನ ಭಾವ ಊರಿಗೆ ಬರುವಾಗ ಬಟ್ಟೆಗಳ ನಡುವೆ ಸುತ್ತಿಟ್ಟು ತಂದುಕೊಟ್ಟರು. ಕೆಂಪು ಬಣ್ಣದ, ಉದ್ದನೆಯ, ಮೂಲ ಗ್ರಾವಿಸ್ ಅಲ್ಟ್ರಾಸೌಂಡ್. ಜಾಯ್‌ಸ್ಟಿಕ್, ಗೇಮ್‌ಪ್ಯಾಡ್‌ಗಳಿಗೆ ಹೆಸರಾಗಿದ್ದ, ಬ್ರಿಟಿಷ್ ಕೊಲಂಬಿಯಾದ ಬರ್ನಬಿಯ ಅಡ್ವಾನ್ಸ್ಡ್ ಗ್ರಾವಿಸ್ ಕಂಪನಿ 1992ರಲ್ಲಿ ಹೊರತಂದ ಸೌಂಡ್ ಕಾರ್ಡ್. ನನ್ನ ಹತ್ತಿರ ಓಡುವ ಸ್ಥಿತಿಯಲ್ಲಿರುವ ಹಳೇ ಕಂಪ್ಯೂಟರ್‌ಗಳು ಮೂರು, ಕಾರ್ಡ್ ಒಂದೇ. 386, 486, ಪೆಂಟಿಯಂ ಅನ್ನುವುದು ಅವುಗಳ ಒಳಗಿನ ಪ್ರೊಸೆಸರ್‌ಗಳ ಹೆಸರು. ಇನ್ನೊಂದು ಸಿಕ್ಕೀತು ಅನ್ನುವ ಭರವಸೆ ಇಲ್ಲ. ಪದೇ ಪದೇ ಕಿತ್ತು ಸಿಕ್ಕಿಸಿ ಅದರ ಅಂಚಿನ ಚಿನ್ನದ ಲೇಪ ಸವೆಸಲೂ ಮನಸ್ಸಿಲ್ಲ. ಹಾಗಾಗಿ ಒಂದೊಂದರಲ್ಲೂ ಮೂರು ವಾರ ಇಟ್ಟು ನೋಡಿ, ಆಮೇಲೆ ಒಂದರಲ್ಲಿ ಖಾಯಂ ಮಾಡಿಬಿಡೋಣ ಎಂದುಕೊಂಡೆ.

ಮೊದಲು ಈ ಕಾರ್ಡ್ ಏನು ಮಾಡುತ್ತದೆ ಅನ್ನುವುದನ್ನು ಹೇಳಬೇಕು, ಯಾಕೆಂದರೆ ನನ್ನ ಆಯ್ಕೆ ನಿಂತಿರುವುದೇ ಅದರ ಮೇಲೆ. ಆ ಕಾಲದ ಇನ್ನೊಂದು ಹೆಸರಾಂತ ಸೌಂಡ್ ಕಾರ್ಡ್ ಸೌಂಡ್ ಬ್ಲಾಸ್ಟರ್ ಬಡಿಸುವವನಿದ್ದ ಹಾಗೆ. ಹದಿನಾರು ವಾದ್ಯಗಳ ಸ್ಯಾಂಪಲ್, ಅಂದರೆ ಧ್ವನಿಮುದ್ರಿಸಿದ ತುಣುಕುಗಳು, ಒಟ್ಟಿಗೆ ಕೇಳಬೇಕಾದರೆ ಅವನ್ನೆಲ್ಲ ಬೆರೆಸಿ, ಶ್ರುತಿಗೆ ತಕ್ಕಂತೆ ಎಳೆದು, ಅಡುಗೆ ಮುಗಿಸಿ ಕೊಡಬೇಕಾದದ್ದು ಪ್ರೊಸೆಸರ್. ಅಲ್ಟ್ರಾಸೌಂಡ್‌ಗೆ ಸಾಮಾನು ಒಮ್ಮೆ ಒಳಗಿಟ್ಟು ಕೊಟ್ಟರೆ ಸಾಕು, ಅಡುಗೆಯನ್ನೂ ಅದೇ ಮಾಡಿ ಬಡಿಸುತ್ತದೆ. ಸ್ಯಾಂಪಲ್‌ಗಳು ಕಾರ್ಡಿನ ಸ್ವಂತ ಮೆಮೊರಿಯಲ್ಲಿ ಕೂರುತ್ತವೆ. ಅದರಲ್ಲಿರುವ ಜಿಎಫ್1 ಚಿಪ್ 32 ದನಿಗಳವರೆಗೆ ತಾನೇ ಬೆರೆಸುತ್ತದೆ, ನಡುವಿನ ಬಿಂದುಗಳನ್ನು ಲೆಕ್ಕಹಾಕಿ ಒರಟುತನವನ್ನೂ ತೆಗೆಯುತ್ತದೆ. ಪ್ರೊಸೆಸರ್ ಹೇಳಬೇಕಾದದ್ದು ಇಷ್ಟೇ: ಈ ದನಿ, ಈ ಎತ್ತರ, ಈಗ ಶುರು.

ಮಿತಿಗಳೂ ಉಂಟು. 14 ದನಿಗಳವರೆಗೆ ಸಿ.ಡಿ.ಗೆ ಸಮನಾದ 44.1 ಕಿಲೋಹರ್ಟ್ಜ್ ದರ ಸಿಗುತ್ತದೆ, ದನಿ ಹೆಚ್ಚಿದಂತೆ ಆ ದರ ಹಂಚಿಹೋಗುತ್ತದೆ. 16ಕ್ಕೆ ಸುಮಾರು 38.6, 28ಕ್ಕೆ 22.05, 32 ಆದರೆ 19 ಚಿಲ್ಲರೆ. ಕಾರ್ಖಾನೆಯಿಂದ ಬರುವಾಗ ಇರುವುದು 256 ಕಿಲೋಬೈಟ್ ಮೆಮೊರಿ, ಹೆಚ್ಚೆಂದರೆ 1 ಮೆಗಾಬೈಟ್. ನನ್ನದರಲ್ಲಿ ಆರು ಸಾಕೆಟ್ ಖಾಲಿ ಇದ್ದವು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹಳೇ ಚಿಪ್ ಮಾರುವ ಅಜ್ಜರೊಬ್ಬರ ಡಬ್ಬಿಯಲ್ಲಿ ಕೈಯಾಡಿಸಿ, 20 ಕಾಲಿನ ಆರು ಚಿಪ್ ಹೆಕ್ಕಿ ತಂದು ತುಂಬಿಸಿದೆ. ಇದನ್ನು ಮೊದಲೇ ಮಾಡಿದ್ದು ಒಳ್ಳೆಯದಾಯಿತು, ಮೂರು ಯಂತ್ರಕ್ಕೂ ಪರೀಕ್ಷೆ ಒಂದೇ ಆಯಿತು.

ಪೆಂಟಿಯಂ 133ರ ಮಾತು ಬೇಗ ಮುಗಿಸುತ್ತೇನೆ. ಅಪ್ಪ 1997ರಲ್ಲಿ ಕೊಡಿಸಿದ ಯಂತ್ರ, ಅದರ ಮೇಲೆ ನನಗೆ ಇರುವ ಪ್ರೀತಿ ಬೇರೆ. ಆದರೆ ಕಾರ್ಡ್ ಕೂರಿಸುವಾಗಲೇ ತೊಡಕು. ಇಂಥ ಕಾರ್ಡ್ ಸಿಕ್ಕಿಸುವ ಹಳೇ ಬಗೆಯ ಐಎಸ್‌ಎ ಸ್ಲಾಟುಗಳ ನೇರಕ್ಕೇ ಪ್ರೊಸೆಸರ್ ಇದೆ, ಕಾರ್ಡಿನ ಬಾಲ ಅದರ ಫ್ಯಾನಿಗೆ ಒತ್ತುತ್ತಿತ್ತು. ಕೊನೆಯ ಸ್ಲಾಟಿನಲ್ಲಿ ಮಾತ್ರ ಜಾಗ ಸಿಕ್ಕಿತು. ಬೋರ್ಡಿನ ಮೂಲ ಹೊಂದಿಕೆಗಳಿರುವ ಬಯಾಸ್‌ಗೆ ಹೋಗಿ ಐಆರ್‌ಕ್ಯೂ 11 (ಕಾರ್ಡ್ ಪ್ರೊಸೆಸರನ್ನು ಕರೆಯುವ ತಂತಿ) ಹಳೇ ಐಎಸ್‌ಎ ಕಾರ್ಡಿಗೆ ಮೀಸಲು ಅಂತ ಹೇಳದಿದ್ದರೆ ಹೊಸ ಬಗೆಯ ಪಿಸಿಐ ಸ್ಲಾಟಿನ ಕಡೆಯವರು ಅದನ್ನು ಎತ್ತಿಕೊಂಡುಬಿಡುತ್ತಿದ್ದರು. ಸೌಂಡ್ ಬ್ಲಾಸ್ಟರಿನ ವೇಷ ಹಾಕಿಸುವ ಎಸ್‌ಬಿಒಎಸ್ ತಂತ್ರಾಂಶ ಈ ಬೋರ್ಡಿನಲ್ಲಿ ಏಳಲೇ ಇಲ್ಲ. ಆ ತಂತ್ರ ನಿಂತಿರುವುದು ಎನ್‌ಎಂಐ ಎಂಬ ಅಡ್ಡಿಸಂಕೇತದ ಮೇಲೆ, ನನ್ನ ಬೋರ್ಡ್ ಅದನ್ನು ಪ್ರೊಸೆಸರ್‌ವರೆಗೆ ಮುಟ್ಟಿಸುತ್ತಿರಲಿಲ್ಲ. ಇವೆಲ್ಲ ಸರಿಪಡಿಸಿಕೊಳ್ಳಬಹುದಾದ, ಅಥವಾ ಸಹಿಸಿಕೊಳ್ಳಬಹುದಾದ ತೊಂದರೆಗಳು. ನಿಜವಾದ ಅಡ್ಡಿ ಬೇರೆ. ಅಲ್ಟ್ರಾಸೌಂಡ್‌ನಲ್ಲಿ ನುಡಿಸಿದ ಟ್ಯೂನನ್ನೇ ಸೌಂಡ್ ಬ್ಲಾಸ್ಟರ್ 16ರಲ್ಲಿ ಹಾಕಿದರೂ ಪೆಂಟಿಯಂ ಬೆವರುವುದಿಲ್ಲ. ಹದಿನಾರು ಚಾನೆಲ್ ಬೆರೆಸಿ, ನಯಮಾಡಿ, 44.1ರಲ್ಲಿ ಕೊಟ್ಟುಬಿಡುತ್ತದೆ. ಕಣ್ಣು ಮುಚ್ಚಿ ಕೇಳಿದರೆ ಯಾವುದು ಯಾವುದು ಅಂತ ಹೇಳುವುದು ನನಗೆ ಕಷ್ಟವಾಯಿತು. ಇಲ್ಲಿ ಅಲ್ಟ್ರಾಸೌಂಡ್‌ಗೆ ಕೆಲಸವೇ ಇಲ್ಲ.

486ರ ಬಗ್ಗೆ ನನಗೆ ದೊಡ್ಡ ನಿರೀಕ್ಷೆ ಇತ್ತು. ಡಿಎಕ್ಸ್2-66, 16 ಮೆಗಾಬೈಟ್ ಮೆಮೊರಿ, ವೆಸಾ ಲೋಕಲ್ ಬಸ್ ಎಂಬ ವೇಗದ ದಾರಿಯ ವಿಡಿಯೋ ಕಾರ್ಡ್. ದಾವಣಗೆರೆಯ ಒಂದು ಡಿಟಿಪಿ ಅಂಗಡಿಯಲ್ಲಿ ವರ್ಷಗಟ್ಟಲೆ ಮದುವೆ ಕರೆಯೋಲೆ ಜೋಡಿಸಿದ ಯಂತ್ರ. ಕಾರ್ಡ್ ಬಂದ ವರ್ಷವೇ, 1992ರ ಆಗಸ್ಟಿನಲ್ಲಿ, ಇಂಟೆಲ್ ಈ ಪ್ರೊಸೆಸರನ್ನು ಬಿಡುಗಡೆ ಮಾಡಿತು. ಜಾತಕ ಕೂಡಿದ ಹಾಗೆ ಇತ್ತು ಅಂತ ನಾನಂದುಕೊಂಡಿದ್ದೆ.

ಕೂಡಿತ್ತು ಕೂಡ. ಒಂದು ಸಂಜೆಯಲ್ಲಿ ಎಲ್ಲ ಸಿದ್ಧ. ಪೋರ್ಟ್ ವಿಳಾಸ ಮಾತ್ರ ಕಾರ್ಡಿನ ಮೇಲಿನ ಜಂಪರ್ ಎಂಬ ಪುಟ್ಟ ಕೊಂಡಿಯಿಂದ. ಐಆರ್‌ಕ್ಯೂ, ಡಿಎಂಎ (ಪ್ರೊಸೆಸರಿನ ಸಹಾಯವಿಲ್ಲದೆ ಮಾಹಿತಿ ಸಾಗಿಸುವ ದಾರಿ) ಎರಡೂ ಸಾಫ್ಟ್‌ವೇರ್‌ನಿಂದಲೇ ಹೊಂದುತ್ತವೆ, ಯಂತ್ರ ಏಳುವಾಗ ಓಡುವ ಆಟೋಎಕ್ಸೆಕ್ ಕಡತದಲ್ಲಿ ಒಂದು ಸಾಲು ಬರೆದರಾಯಿತು. ಸೌಂಡ್ ಬ್ಲಾಸ್ಟರ್ 220ರಲ್ಲಿ, ಅಲ್ಟ್ರಾಸೌಂಡ್ 240ರಲ್ಲಿ, ಜಗಳವಿಲ್ಲದೆ ಒಂದೇ ಪೆಟ್ಟಿಗೆಯಲ್ಲಿ ಇದ್ದವು. ಮೊದಲು ಹಾಕಿದ್ದು ಸೆಕೆಂಡ್ ರಿಯಾಲಿಟಿ. 1993ರಲ್ಲಿ ಫಿನ್ಲೆಂಡಿನ ಕೆರವದಲ್ಲಿ ನಡೆದ ಅಸೆಂಬ್ಲಿ ಕೂಟದಲ್ಲಿ ಫ್ಯೂಚರ್ ಕ್ರೂ ತಂಡಕ್ಕೆ ಮೊದಲ ಸ್ಥಾನ ತಂದ ಡೆಮೊ, ಅಂದರೆ ಕಂಪ್ಯೂಟರಿನಲ್ಲೇ ಓಡುವ ಚಿತ್ರ-ಸಂಗೀತದ ಪ್ರದರ್ಶನ ಅದು. ಅಂಥ ತಂಡಗಳು ಈ ಕಾರ್ಡನ್ನು ಎತ್ತಿ ಹಿಡಿದದ್ದರಿಂದಲೇ ಇದಕ್ಕೆ ಇಷ್ಟು ಹೆಸರು. 486ರಲ್ಲಿ ಆದಿಯಿಂದ ಅಂತ್ಯದವರೆಗೆ ಎಲ್ಲೂ ತೊಡರದೆ ಹರಿಯಿತು. ಕೊನೆಯಲ್ಲಿ ಊರಿನ ಮೇಲೆ ಹಾರುವ ಭಾಗ ಬಂದಾಗ ನನ್ನ ಮಗಳು ಓದುವುದು ಬಿಟ್ಟು ಬಂದು ಪಕ್ಕದಲ್ಲಿ ನಿಂತಳು. ಡೂಮ್ ಎಂಬ ಆಟ ಕೂಡ ಹಾಗೆಯೇ. ಕಾರ್ಡಿನಲ್ಲಿ ಎಷ್ಟು ಮೆಮೊರಿ ಇದೆ ಅನ್ನುವುದನ್ನು ನೋಡಿ ವಾದ್ಯಗಳನ್ನು ಆರಿಸಿಕೊಳ್ಳುವ ಪಟ್ಟಿ ಆ ಆಟದಲ್ಲಿದೆ, 256ಕ್ಕೆ ಒಂದು, 1024ಕ್ಕೆ ಒಂದು. ಎಸ್‌ಪಿ ರೋಡಿನ ಆರು ಚಿಪ್‌ಗಳ ಬೆಲೆ ಆಗ ಕಿವಿಗೆ ಬಿತ್ತು. ಗಿಟಾರು ಗಿಟಾರಿನಂತೆ, ಡ್ರಮ್ಮು ಡ್ರಮ್ಮಿನಂತೆ.

ಎರಡನೇ ವಾರ ಇದೇ ಯಂತ್ರದಲ್ಲಿ ಸೌಂಡ್ ಬ್ಲಾಸ್ಟರ್ ಆರಿಸಿ ಮತ್ತೆ ಎಲ್ಲವನ್ನೂ ಓಡಿಸಿದೆ. ವ್ಯತ್ಯಾಸ ಗೊತ್ತಾಗುತ್ತದೆ. ಸ್ವಲ್ಪ ಮರಳು ಬೆರೆತ ಹಾಗೆ ದನಿ, ಭಾರವಾದ ದೃಶ್ಯಗಳಲ್ಲಿ ಚಿತ್ರ ತುಸು ತಡವರಿಸುತ್ತದೆ. ಆದರೂ ನೋಡಬಹುದು, ಕೇಳಬಹುದು. ಕಾರ್ಡ್ ಇಲ್ಲದಿದ್ದರೂ 486 ಹೇಗೋ ದಡ ಸೇರುತ್ತದೆ. ಅಲ್ಲಿಗೇ ನನ್ನ ಮನಸ್ಸಿನಲ್ಲಿ ಒಂದು ಅನುಮಾನ ಮೊಳೆಯಿತು.

ಇನ್ನು 386. ಎಎಂಡಿಯವರ ಡಿಎಕ್ಸ್-40, 1991ರಲ್ಲಿ ಬಂದ ಚಿಪ್. 8 ಮೆಗಾಬೈಟ್ ಮೆಮೊರಿ, 128 ಕಿಲೋಬೈಟ್ ಕ್ಯಾಶ್, ತ್ಸೆಂಗ್ ಇಟಿ4000 ವಿಡಿಯೋ ಕಾರ್ಡ್, ಎಲ್ಲವೂ ಐಎಸ್‌ಎ. ಗುಜರಿಯಲ್ಲಿ ಸಿಕ್ಕಾಗ ಬೋರ್ಡಿನ ಪೀಪಾಯಿ ಆಕಾರದ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಸೋರಿ, ಕೀಬೋರ್ಡ್ ಸಾಕೆಟ್ಟಿನ ಸುತ್ತ ಹಸಿರು ಹಿಡಿದಿತ್ತು. ವಿನಿಗರ್ ಹಚ್ಚಿ, ಶುದ್ಧ ನೀರಿನಲ್ಲಿ ತೊಳೆದು, ಎರಡು ದಿನ ಒಣಗಿಸಿ, ತುಂಡಾದ ಮೂರು ಎಳೆಗಳನ್ನು ಸಣ್ಣ ತಂತಿಯಿಂದ ಬೆಸೆದ ಮೇಲೆ ಜೀವ ಬಂತು. ಇಂಥ ಬೋರ್ಡಿಗೆ ಅಪರೂಪದ ಕಾರ್ಡ್ ಹಾಕುವುದೇ ಅನ್ನುವ ಅಳುಕು ಇತ್ತು. ಮೊದಲು ಒಂದು ಅಗ್ಗದ ಐ/ಒ ಕಾರ್ಡ್ ಹಾಕಿ ಎರಡು ದಿನ ಓಡಿಸಿ, ಸ್ಲಾಟಿನ ವೋಲ್ಟೇಜ್ ಅಳೆದು ನೋಡಿ, ಆಮೇಲೇ ಕೆಂಪು ಕಾರ್ಡ್ ಮುಟ್ಟಿದೆ.

ಒಂದು ತಪ್ಪೂ ಮಾಡಿದೆ. ಈ ಬಯಾಸಿನಲ್ಲಿ ಐಎಸ್‌ಎ ಬಸ್ಸಿನ ವೇಗ ಬದಲಿಸಬಹುದು. 40ನ್ನು ಐದರಿಂದ ಭಾಗಿಸಿದರೆ 8 ಮೆಗಾಹರ್ಟ್ಜ್, ಮೂರರಿಂದ ಭಾಗಿಸಿದರೆ 13.3. ಸ್ಯಾಂಪಲ್‌ಗಳು ಕಾರ್ಡಿಗೆ ಬೇಗ ಏರಲಿ ಅಂತ 13.3ಕ್ಕೆ ಇಟ್ಟೆ. ಮೊದಲ ಟ್ಯೂನಿನಲ್ಲೇ ತಬಲದ ಪೆಟ್ಟಿನ ನಡುವೆ ಚಟಪಟ ಸದ್ದು, ಮೆಮೊರಿಯಲ್ಲಿ ಬರೆದದ್ದು ಅಲ್ಲಲ್ಲಿ ಕೆಟ್ಟಿತ್ತು. 8ಕ್ಕೆ ಇಳಿಸಿದೆ, ಸರಿಹೋಯಿತು. ಸ್ಯಾಂಪಲ್ ಏರುವುದು ನಿಧಾನವೇ. ದೊಡ್ಡ ಟ್ಯೂನ್ ತೆರೆದರೆ ಕೆಲವು ಕ್ಷಣ ಕಾಯಬೇಕು.

ಆಮೇಲೆ ಸ್ಯಾಂಪಲ್‌ಗಳನ್ನು ಸಾಲು ಸಾಲಾಗಿ ಜೋಡಿಸಿ ಸಂಗೀತ ಬರೆಯುವ ತಂತ್ರಾಂಶ ಸ್ಕ್ರೀಮ್ ಟ್ರ್ಯಾಕರ್ 3 ತೆರೆದೆ. ಮೊದಲು ಸೌಂಡ್ ಬ್ಲಾಸ್ಟರ್. ಹದಿನಾರು ಚಾನೆಲ್‌ನ ಟ್ಯೂನ್ ಶುರುವಾದ ಕೂಡಲೇ ಕರ್ಸರ್ ಎಳೆದಾಡತೊಡಗಿತು, ಕೀಲಿ ಒತ್ತಿದರೆ ಪರದೆ ತಡವಾಗಿ ಓಗೊಡುತ್ತಿತ್ತು. ಬೆರೆಸುವ ದರ ಇಳಿಸುತ್ತಾ ಬಂದರೆ ಕರ್ಸರ್ ಚುರುಕಾಗುತ್ತದೆ, ಆದರೆ ತಾಳದ ಝಣತ್ಕಾರವೆಲ್ಲ ಕಂಬಳಿ ಹೊದಿಸಿದಂತೆ ಮಂಕು. ಈಗ ಅಲ್ಟ್ರಾಸೌಂಡ್. ಅದೇ ಯಂತ್ರ, ಅದೇ ಟ್ಯೂನ್, ಅದೇ ಸ್ಪೀಕರ್. ಸಂಗೀತ ಪೂರ್ತಿ ಬಿಚ್ಚಿಕೊಂಡಿತು, ಕರ್ಸರ್ ಸಂಗೀತವೇ ಇಲ್ಲವೇನೋ ಎಂಬಂತೆ ಓಡಾಡಿತು. ಟ್ಯೂನ್ ನುಡಿಯುತ್ತಿರುವಾಗಲೇ ನಾನು ಒಂದು ಸಾಲು ತಿದ್ದಿದೆ, ತಿದ್ದಿದ್ದು ಮುಂದಿನ ಸುತ್ತಿನಲ್ಲಿ ಕೇಳಿಸಿತು. ಮೂರು ಯಂತ್ರಗಳ ಒಂಬತ್ತು ವಾರದಲ್ಲಿ ನನ್ನ ಮೈ ನವಿರೆದ್ದದ್ದು ಆಗ ಮಾತ್ರ.

ಎಪಿಕ್ ಪಿನ್‌ಬಾಲ್ ಆಟ ಕೂಡ ಹೀಗೆಯೇ: ಚೆಂಡು ಎಣ್ಣೆಯ ಮೇಲೆ ಜಾರಿದಂತೆ ಓಡಿತು, ಹಿನ್ನೆಲೆಯ ಸಂಗೀತ ಒಂದು ಕ್ಷಣವೂ ಮುಗ್ಗರಿಸಲಿಲ್ಲ. ಸ್ಟಾರ್ ಕಂಟ್ರೋಲ್ 2ರಲ್ಲಿ ಮಾತುಕತೆಯ ಹಿಂದಿನ ಸಂಗೀತ ಕೇಳುತ್ತಾ ರಾತ್ರಿ ಒಂದೂವರೆ ಆಗಿತ್ತು. ಸೆಕೆಂಡ್ ರಿಯಾಲಿಟಿ? 3ಡಿ ಭಾಗಗಳು ಕುಂಟುತ್ತವೆ, ಕೊನೆಯ ಹಾರಾಟದಲ್ಲಿ ಚಿತ್ರಗಳು ಒಂದೊಂದಾಗಿ ಬದಲಾಗುವುದು ಕಾಣುತ್ತದೆ. ಸಂಗೀತ ಮಾತ್ರ 486ರಲ್ಲಿ ಕೇಳಿದ್ದೇ. ಡೂಮ್ ಆಡಬೇಕಾದರೆ ಕಿಟಕಿ ಚಿಕ್ಕದು ಮಾಡಿ, ಚಿತ್ರದ ವಿವರ ಇಳಿಸಿ, ತಾಳ್ಮೆ ಇಟ್ಟುಕೊಳ್ಳಬೇಕು. ಅದನ್ನು ಯಾವ ಸೌಂಡ್ ಕಾರ್ಡೂ ಸರಿಮಾಡಲಾರದು, ಅಲ್ಲಿ ಸೊರಗುತ್ತಿರುವುದು ಪ್ರೊಸೆಸರ್ ಮತ್ತು ವಿಡಿಯೋ ದಾರಿ. ಡೂಮ್ ಮತ್ತು ಅದರ ಕಾಲದ ನಂತರದ ಆಟಗಳೇ ನಿಮ್ಮ ಆಸೆಯಾದರೆ ಮರುಮಾತಿಲ್ಲದೆ 486 ಆರಿಸಿ.

ಇನ್ನೂ ವೇಗದ ಯಂತ್ರದಲ್ಲಿ ಹಾಕಬಹುದಲ್ಲ ಅಂತ ಗೆಳೆಯರೊಬ್ಬರು ಕೇಳಿದರು, ಪೆಂಟಿಯಂಗಿಂತ ವೇಗದ ಕೆ6-2 ಪ್ರೊಸೆಸರಿನ ಯಂತ್ರ ಅವರಲ್ಲಿದೆ. ಈ ಕಾರ್ಡಿನ ಕಾಲದ ಎಷ್ಟೋ ಆಟಗಳು, ಉಪಕರಣಗಳು ಟರ್ಬೋ ಪ್ಯಾಸ್ಕಲ್ ಎಂಬ ಪ್ರೋಗ್ರಾಮಿಂಗ್ ಉಪಕರಣದಲ್ಲಿ ಬರೆದವು. ಅಷ್ಟು ವೇಗದ ಯಂತ್ರದಲ್ಲಿ ಅವು ಶುರುವಿನಲ್ಲಿ ಪ್ರೊಸೆಸರಿನ ವೇಗ ಎಣಿಸಿ ಭಾಗಾಕಾರ ಮಾಡುವಾಗ, ಉತ್ತರ 16 ಬಿಟ್‌ನಲ್ಲಿ ಹಿಡಿಸದೆ ರನ್‌ಟೈಮ್ ಎರರ್ 200 ಅಂತ ಹೇಳಿ ನಿಂತುಬಿಡುತ್ತವೆ. ಒಂದೊಂದಕ್ಕೂ ತೇಪೆ ಹಾಕುತ್ತಾ ಕೂರಬೇಕು.

ಹಾಗಾಗಿ ಕೆಂಪು ಕಾರ್ಡ್ 386ರಲ್ಲೇ ಉಳಿಯಿತು. 486ಕ್ಕೆ ಸೌಂಡ್ ಬ್ಲಾಸ್ಟರ್ 16 ಸಾಕು, ಪೆಂಟಿಯಂನಲ್ಲಿ ಅಪ್ಪ ಕೊಡಿಸಿದಾಗ ಇದ್ದ ಕಾರ್ಡೇ ಇದೆ. ಒಂದು ಯಂತ್ರ ತನ್ನ ಕೈಲಾಗದ್ದನ್ನು ಮಾಡುವುದು ಈ ಕಾರ್ಡ್ ಪಕ್ಕದಲ್ಲಿದ್ದಾಗ ಮಾತ್ರ ಅನ್ನುವಂಥ ಜಾಗ ನನಗೆ ಬೇಕಿತ್ತು, ಅಂಥದ್ದು ಇದೊಂದೇ.

386ರ ಬೋರ್ಡಿಗೆ ಸೋರುವ ಬ್ಯಾಟರಿಯ ಬದಲು ನಾಣ್ಯದಾಕಾರದ ಲಿಥಿಯಂ ಸೆಲ್ಲಿನ ಹೋಲ್ಡರ್ ಬೆಸೆದಿದ್ದೇನೆ. ಬೋರ್ಡ್ ಅದನ್ನು ಚಾರ್ಜ್ ಮಾಡಲು ಹೋಗದಂತೆ ದಾರಿಯಲ್ಲಿ ಒಂದು ಡಯೋಡ್ ಇದೆ. ಹಾರ್ಡ್‌ಡಿಸ್ಕಿನ ಜಾಗದಲ್ಲಿ ಕಾಂಪ್ಯಾಕ್ಟ್ ಫ್ಲ್ಯಾಶ್ ಮೆಮೊರಿ ಕಾರ್ಡ್, ಹಳೇ ಬಯಾಸಿನ 528 ಮೆಗಾಬೈಟ್ ಗಡಿಯೊಳಗೆ. ಅಲ್ಟ್ರಾಸೌಂಡಿನ ವಾದ್ಯಗಳ ಕಡತಗಳೆಲ್ಲ ಅದರಲ್ಲಿ ಹಿಡಿಸಿವೆ. ಪೆಟ್ಟಿಗೆಯ ಮುಚ್ಚಳಕ್ಕೆ ನಿನ್ನೆ ರಾತ್ರಿ ತಿರುಪು ಹಾಕಿದೆ. ಮಗಳು ಟ್ರ್ಯಾಕರಿನಲ್ಲಿ ಮೊದಲ ಎಂಟು ಸಾಲು ಬರೆದಿದ್ದಾಳೆ, ಒಂಬತ್ತನೇ ಸಾಲಿಗೆ ಮೃದಂಗದ ಸ್ಯಾಂಪಲ್ ಬೇಕಂತೆ.