ಅಮೆರಿಕದಲ್ಲಿ ಆನ್ಯುಯಿಟಿ ತಗೊಳ್ಳೋ ಮೊದಲು ರಾಜ್ಯದ ತೆರಿಗೆ ಕೇಳಿ

ನಿವೃತ್ತಿ ಹತ್ತಿರ ಬಂದವರು, ಮನೆಯಲ್ಲಿ ಅಂಥ ಹಿರಿಯರು ಇರುವವರು ದಯವಿಟ್ಟು ಇದನ್ನು ಓದಿ. ಅದರಲ್ಲೂ ಕ್ಯಾಲಿಫೋರ್ನಿಯಾದಲ್ಲಿ ಇರುವವರು.

ನನ್ನ ಅಣ್ಣ ಫ್ರೀಮಾಂಟ್‌ನಲ್ಲಿ ಇದ್ದವರು. 66ಕ್ಕೆ ಕೆಲಸ ಬಿಟ್ಟರು. 401(ಕೆ) ದುಡ್ಡನ್ನು (ಕೆಲಸದಲ್ಲಿದ್ದಾಗ ಕಂಪನಿ ಮೂಲಕ ಕೂಡಿಟ್ಟ, ಇನ್ನೂ ತೆರಿಗೆ ಕಟ್ಟದ ನಿವೃತ್ತಿ ಉಳಿತಾಯ) ಐಆರ್‌ಎಗೆ, ಅಂದರೆ ಸ್ವಂತ ಹೆಸರಿನ ನಿವೃತ್ತಿ ಖಾತೆಗೆ ವರ್ಗಾಯಿಸಿ, ಅದರಲ್ಲಿ 2 ಲಕ್ಷ ಡಾಲರ್ ಹಾಕಿ ವಿಮಾ ಕಂಪನಿಯಿಂದ ತಿಂಗಳು ತಿಂಗಳು ದುಡ್ಡು ಬರುವ ಆನ್ಯುಯಿಟಿ ತಗೊಂಡರು. ಏಜೆಂಟ್ ನಮ್ಮ ಕಡೆಯವರೇ. "ಟ್ಯಾಕ್ಸ್ ಏನಿದ್ರೂ ದುಡ್ಡು ಕೈಗೆ ಬಂದಾಗ ಸರ್, ಈಗ ಏನೂ ಇಲ್ಲ" ಅಂದಿದ್ದರು.

ಪಾಲಿಸಿ ಮನೆಗೆ ಬಂತು. ಏಜೆಂಟ್ ಮೊದಲು ಕೊಟ್ಟಿದ್ದ ಅಂದಾಜು ಲೆಕ್ಕ ಪಕ್ಕದಲ್ಲಿಟ್ಟುಕೊಂಡು ಅತ್ತಿಗೆ ಓದಿದರು. ತಿಂಗಳ ಮೊತ್ತ ಕಡಿಮೆ ಇತ್ತು. ಯಾಕೆ ಅಂತ ಹುಡುಕಿದರೆ ಒಳಗಿನ ಪುಟದಲ್ಲಿ ಒಂದೇ ಸಾಲು: ಪ್ರೀಮಿಯಂ ಟ್ಯಾಕ್ಸ್, 4,700 ಡಾಲರ್.

ಇದು ಆದಾಯ ತೆರಿಗೆ ಅಲ್ಲ. ಆನ್ಯುಯಿಟಿಗೆ ಕಟ್ಟುವ ದುಡ್ಡಿನ ಮೇಲೆ ರಾಜ್ಯ ವಿಮಾ ಕಂಪನಿಯಿಂದ ವಸೂಲಿ ಮಾಡುತ್ತೆ, ಕಂಪನಿ ನಮ್ಮ ದುಡ್ಡಲ್ಲಿ ಮುರಿದುಕೊಳ್ಳುತ್ತೆ. ಹೆಚ್ಚಿನ ರಾಜ್ಯಗಳಲ್ಲಿ ಇದು ಇಲ್ಲವೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇದೆ: ತೆರಿಗೆ ಕಟ್ಟಿ ಉಳಿಸಿದ ಸ್ವಂತ ದುಡ್ಡಾದರೆ ಶೇ. 2.35, ಐಆರ್‌ಎಯಂಥ ನಿವೃತ್ತಿ ದುಡ್ಡಾದರೆ ಶೇ. 0.5. ಅಂದರೆ ಅಣ್ಣನಿಗೆ ಬೀಳಬೇಕಾದದ್ದು 1,000 ಡಾಲರ್. ಅರ್ಜಿಯ ಪ್ರತಿ ತರಿಸಿದಾಗ ವಿಷಯ ಗೊತ್ತಾಯಿತು. ದುಡ್ಡು ಎಲ್ಲಿಂದ ಬಂದದ್ದು ಅಂತ ಕೇಳುವ ಕಡೆ ಏಜೆಂಟ್ 'ನಾನ್‌ಕ್ವಾಲಿಫೈಡ್' (ಅಂದರೆ ತೆರಿಗೆ ಕಟ್ಟಿ ಉಳಿಸಿದ ಸ್ವಂತ ದುಡ್ಡು) ಅನ್ನೋ ಚೌಕಕ್ಕೆ ಟಿಕ್ ಹಾಕಿದ್ದರು.

ನಿಜವಾಗಿ ಭಯ ಆಗಿದ್ದು ಆಮೇಲೆ. ಆ ಟಿಕ್ ಹಾಗೇ ಉಳಿದಿದ್ದರೆ ಅಣ್ಣ ಐಆರ್‌ಎಯಿಂದ 2 ಲಕ್ಷವನ್ನೂ ಹೊರಗೆ ತೆಗೆದರು ಅಂತಲೇ ಲೆಕ್ಕ. ಅಷ್ಟೂ ಮೊತ್ತ ಅದೇ ವರ್ಷದ ಆದಾಯಕ್ಕೆ ಸೇರಿ ಫೆಡರಲ್ ತೆರಿಗೆ ಬೇರೆ, ಕ್ಯಾಲಿಫೋರ್ನಿಯಾ ತೆರಿಗೆ ಬೇರೆ ಬೀಳುತ್ತಿತ್ತು. ಜೀವಮಾನದ ದುಡಿಮೆ ಅದು! ಇದನ್ನು ಕೇಳಿದರೆ ಏಜೆಂಟ್, "ಏನಾಗಲ್ಲ ಸರ್, ಅದು ಸುಮ್ನೆ ಫಾರ್ಮಾಲಿಟಿ" ಅಂದರು. ನನಗೆ ಈಗಲೂ ಆ ಮಾತಿಗೆ ಸಿಟ್ಟು ಬರುತ್ತೆ.

ನಮ್ಮನ್ನು ಕಾಪಾಡಿದ್ದು ಫ್ರೀ ಲುಕ್. 60 ದಾಟಿದವರಿಗೆ ಕ್ಯಾಲಿಫೋರ್ನಿಯಾದಲ್ಲಿ 30 ದಿನ ಸಿಗುತ್ತೆ. ಅಷ್ಟರೊಳಗೆ ಪಾಲಿಸಿ ವಾಪಸ್ ಮಾಡಬಹುದು. ಸರಿಮಾಡಿ, ಇಲ್ಲದಿದ್ದರೆ ದುಡ್ಡು ಐಆರ್‌ಎಗೇ ವಾಪಸ್ ಕಳಿಸಿ ಅಂತ ಕಂಪನಿಗೇ ನೇರವಾಗಿ ಪತ್ರ ಬರೆದೆವು. ಕಾಗದಗಳನ್ನು ತಿದ್ದಿದರು, ವ್ಯತ್ಯಾಸದ 3,700 ಡಾಲರ್ ಪಾಲಿಸಿಗೆ ಸೇರಿತು.

ಮುಂದಿನ ವರ್ಷ ಅಣ್ಣ, ಅತ್ತಿಗೆ ಮಗನ ಹತ್ತಿರ ಆಸ್ಟಿನ್‌ಗೆ ಹೋದರು. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. 1996ರ ಫೆಡರಲ್ ಕಾನೂನಿನ ಪ್ರಕಾರ, ನೀವು ಬಿಟ್ಟು ಬಂದ ರಾಜ್ಯ ನಿಮ್ಮ ಐಆರ್‌ಎ, 401(ಕೆ) ದುಡ್ಡಿಗೆ ಕೈ ಹಾಕುವ ಹಾಗಿಲ್ಲ. ಆದರೂ ತಿಂಗಳ ದುಡ್ಡಲ್ಲಿ ಕ್ಯಾಲಿಫೋರ್ನಿಯಾ ಪಾಲು ಮುರಿಯೋದು ನಿಲ್ಲಲಿಲ್ಲ. ಹೊಸ ವಿಳಾಸ ಕೊಟ್ಟಾಗಿತ್ತು. ತೆರಿಗೆ ಹಿಡಿಯೋದನ್ನು ನಿಲ್ಲಿಸೋಕೆ ಬೇರೆ ಫಾರ್ಮ್ ಬೇಕು ಅಂತ ಯಾರೂ ಹೇಳಲಿಲ್ಲ. ಹಿಡಿದ ದುಡ್ಡು ವಾಪಸ್ ಬೇಕಾದರೆ ಕ್ಯಾಲಿಫೋರ್ನಿಯಾಗೆ 540ಎನ್‌ಆರ್, ಅಂದರೆ ಅಲ್ಲಿ ನೆಲೆಸಿಲ್ಲದವರ ತೆರಿಗೆ ರಿಟರ್ನ್ ಹಾಕಬೇಕು. ಊರು ಬದಲಾಯಿಸಿದವರು 1099-ಆರ್‌ನಲ್ಲಿ (ಎಷ್ಟು ದುಡ್ಡು ಕೊಟ್ಟರು, ಎಷ್ಟು ತೆರಿಗೆ ಹಿಡಿದರು ಅಂತ ಕಂಪನಿ ವರ್ಷಕ್ಕೊಮ್ಮೆ ಕಳಿಸುವ ಫಾರ್ಮ್) 14ರಿಂದ 16ರವರೆಗಿನ ಬಾಕ್ಸ್ ನೋಡಿ, ಯಾವ ರಾಜ್ಯದ ಹೆಸರಿದೆ ಅಂತ ಗೊತ್ತಾಗುತ್ತೆ.

ಬೇರೆ ರಾಜ್ಯದವರೂ ಕೇಳಿ ತಿಳ್ಕೊಳ್ಳಿ. ನೆವಾಡಾದಲ್ಲಿ ಆದಾಯ ತೆರಿಗೆ ಇಲ್ಲ ಅಂತ ನೆಮ್ಮದಿಯಾಗಿ ಇರ್ತಾರೆ, ಆದರೆ ಅಲ್ಲಿ ನಾನ್‌ಕ್ವಾಲಿಫೈಡ್ ಆನ್ಯುಯಿಟಿಗೆ ಪ್ರೀಮಿಯಂ ಟ್ಯಾಕ್ಸ್ ಶೇ. 3.5. ನ್ಯೂಯಾರ್ಕ್‌ನಲ್ಲಿ 59½ ದಾಟಿದವರಿಗೆ ವರ್ಷಕ್ಕೆ 20,000 ಡಾಲರ್‌ವರೆಗೆ ಪಿಂಚಣಿ, ಆನ್ಯುಯಿಟಿ ವಿನಾಯಿತಿ ಇದೆ. ಇಲಿನಾಯ್ ಐಆರ್‌ಎ ದುಡ್ಡಿಗೆ ತೆರಿಗೆ ಹಾಕಲ್ಲ.

ಅಣ್ಣನ ಪ್ರೀಮಿಯಂ ಟ್ಯಾಕ್ಸ್ ಆ 1,000 ಡಾಲರ್ ಮಾತ್ರ ಹೋದದ್ದೇ. ಕೆಲವು ವರ್ಷ ಬಿಟ್ಟು ಶುರುವಾಗುವ ಆನ್ಯುಯಿಟಿ ಇಟ್ಟುಕೊಂಡಿರುವ ನಿಮಗೆ ಇನ್ನೂ ಅವಕಾಶ ಇರಬಹುದು. ಅಂಥದ್ದರಲ್ಲಿ ಹೆಚ್ಚಿನ ಕಂಪನಿಗಳು ಈ ತೆರಿಗೆ ಮುರಿಯೋದು ತಿಂಗಳ ದುಡ್ಡು ಶುರುವಾಗುವ ಹೊತ್ತಿಗೆ, ಆಗ ನೀವಿರುವ ರಾಜ್ಯ ನೋಡಿ. ಬೇರೆ ರಾಜ್ಯಕ್ಕೆ ಹೋಗುವ ಯೋಚನೆ ಇದ್ದರೆ ಮೊದಲು ಹೋಗಿ ನೆಲೆಸಿ, ಆಮೇಲೆ ಶುರು ಮಾಡಿಸಿ. ಪ್ರೀಮಿಯಂ ಟ್ಯಾಕ್ಸ್ ಎಷ್ಟು, ಯಾವಾಗ ಮುರಿಯುತ್ತೀರಿ ಅನ್ನೋದನ್ನು ಏಜೆಂಟ್ ಬಾಯಲ್ಲಿ ಅಲ್ಲ, ಕಂಪನಿಯಿಂದಲೇ ಬರವಣಿಗೆಯಲ್ಲಿ ತಗೊಳ್ಳಿ.