ಹಿಂಭಾರ: ಕ್ಯಾರವಾನ್ ಬಾಡಿಗೆಗೆ ತಗೊಂಡು ಹೊರಡೋ ಮೊದಲು ಇದನ್ನೊಮ್ಮೆ ಓದಿ

ಮೊದಲೇ ಹೇಳಿಬಿಡ್ತೀನಿ, ನಮ್ಮ ಕ್ಯಾರವಾನ್ ಅಪಘಾತದಲ್ಲಿ ಯಾರ ಪ್ರಾಣಕ್ಕೂ ಏನೂ ಆಗಿಲ್ಲ. ಅಪ್ಪನಿಗೆ ಕಾಲರ್ ಬೋನ್ ಬಿರುಕು ಬಿಟ್ಟಿತ್ತು, ಈಗ ಕೂಡಿಕೊಂಡಿದೆ. ಮಗಳು ಹೆದ್ದಾರಿಯಲ್ಲಿ ಎದುರಿಂದ ಲಾರಿ ಬಂದರೆ ಇನ್ನೂ ಕಣ್ಣು ಮುಚ್ಚಿಕೊಳ್ತಾಳೆ. ದುಡ್ಡಿನ ಕಥೆ ಆಮೇಲೆ ಹೇಳ್ತೀನಿ.

ನಾವಿರೋದು ಮೆಲ್ಬರ್ನ್‌ನ ಪಶ್ಚಿಮದ ಬಡಾವಣೆಯಲ್ಲಿ. ಸೆಪ್ಟೆಂಬರ್ ರಜೆ ಬಂತು ಅಂದರೆ ಅಕ್ಕಪಕ್ಕದ ಕನ್ನಡದವರೆಲ್ಲ ಕ್ಯಾರವಾನ್, ಅಂದರೆ ಕಾರಿನ ಹಿಂದೆ ಕಟ್ಟಿ ಎಳೆಯೋ ಚಕ್ರದ ಮನೆ, ಅದರ ಮಾತಾಡೋಕೆ ಶುರು ಮಾಡ್ತಾರೆ. ಹೋಟೆಲ್ ಖರ್ಚಿಲ್ಲ, ಮಕ್ಕಳಿಗೆ ಮನೆ ಊಟ, ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಬಹುದು. ಊರಿಂದ ಅಪ್ಪ ಬೇರೆ ಬಂದಿದ್ದರು. ಹತ್ತು ದಿನದಲ್ಲಿ ಮಿಲ್ಡುರಾ, ಬ್ರೋಕನ್ ಹಿಲ್ ನೋಡಿಕೊಂಡು ಬರೋಣ ಅಂತ ಹೊರಟೆವು. ನಾನು, ಹೆಂಡತಿ, ಒಂಬತ್ತು ವರ್ಷದ ಮಗಳು, ಐದು ವರ್ಷದ ಮಗ, ಅಪ್ಪ.

ಕ್ಯಾರವಾನ್ ಕಂಪನಿಯದ್ದಲ್ಲ. ಖಾಸಗಿಯವರು ತಮ್ಮ ಮನೆ ಮುಂದೆ ನಿಲ್ಲಿಸಿಕೊಂಡಿರೋದನ್ನ ದಿನದ ಲೆಕ್ಕಕ್ಕೆ ಬಾಡಿಗೆಗೆ ಕೊಡ್ತಾರಲ್ಲ, ಆ ಥರದ್ದು. ನೋಡೋಕೆ ಚೆನ್ನಾಗಿತ್ತು. ಮುಂದೆ ದೊಡ್ಡ ಮಂಚ, ನಡುವೆ ಮಕ್ಕಳಿಗೆ ಮೇಲೆ ಕೆಳಗೆ ಎರಡು ಮಲಗೋ ಹಲಗೆ, ಹಿಂದುಗಡೆ ಅಡುಗೆಮನೆ. ಮಾಲೀಕ ಇಪ್ಪತ್ತು ನಿಮಿಷದಲ್ಲಿ ಎಲ್ಲ ತೋರಿಸಿದ. ಗ್ಯಾಸ್ ಹೀಗೆ, ನೀರಿನ ಪಂಪು ಹೀಗೆ, ಟಾಯ್ಲೆಟ್ ಡಬ್ಬಿ ಖಾಲಿ ಮಾಡೋದು ಹೀಗೆ. ಸ್ಟಿಯರಿಂಗ್ ಪಕ್ಕ ಒಂದು ಚಿಕ್ಕ ಬ್ರೇಕ್ ಕಂಟ್ರೋಲರ್ ಕೂರಿಸಿ, ಇದನ್ನ ಸೆಟ್ ಮಾಡಿದ್ದೀನಿ, ಮುಟ್ಟೋದೇ ಬೇಡ ಅಂದ. "ನಿಮ್ಮ ಕಾರು ಎಷ್ಟು ಎಳೆಯುತ್ತೆ?" ಅಂತ ಕೇಳಿದ. 2000 ಕೆ.ಜಿ. ಅಂದೆ. "ಇದು 1950. ಆರಾಮಾಗಿ ಹೋಗುತ್ತೆ" ಅಂದ. ತೂಕದ ಬಗ್ಗೆ ನಾನು ಯೋಚನೆ ಮಾಡಿದ್ದು ಅಷ್ಟೇ.

ಈಗ ಗೊತ್ತಾಗಿರೋದನ್ನ ಆಗ ಯಾರಾದರೂ ಹೇಳಿದ್ದಿದ್ದರೆ! ಕ್ಯಾರವಾನಿನ ಮೈಮೇಲೆ ಒಂದು ತಗಡಿನ ಫಲಕ ಇರುತ್ತೆ. ಅದರಲ್ಲಿ ಟೇರ್ ಅಂತ ಒಂದು ಅಂಕಿ, ಎಟಿಎಂ ಅಂತ ಇನ್ನೊಂದು. ಈ ಎಟಿಎಂ ದುಡ್ಡು ಕೊಡೋದಲ್ಲ, ಕಿತ್ತುಕೊಳ್ಳೋದು. ಸಾಮಾನು, ನೀರು, ಗ್ಯಾಸು ಎಲ್ಲ ತುಂಬಿದ ಮೇಲೆ ಕ್ಯಾರವಾನ್ ಇದಕ್ಕಿಂತ ಹೆಚ್ಚು ತೂಗೋ ಹಾಗಿಲ್ಲ ಅನ್ನೋ ಕಾನೂನಿನ ಮಿತಿ ಅದು. ಟೇರ್ ಅಂದರೆ ಕಾರ್ಖಾನೆಯಿಂದ ಹೊರಗೆ ಬಂದಾಗಿನ ಖಾಲಿ ತೂಕ. ಎಟಿಎಂನಲ್ಲಿ ಟೇರ್ ಕಳೆದರೆ ಉಳಿಯೋದು ನೀವು ತುಂಬಬಹುದಾದ ಭಾರ. ನಮ್ಮದರಲ್ಲಿ ಟೇರ್ 1600, ಎಟಿಎಂ 1950. ಅಂದರೆ 350 ಕೆ.ಜಿ. ಬೇಕಾದಷ್ಟಾಯ್ತು ಅನ್ನಿಸುತ್ತಲ್ವಾ? 80 ಲೀಟರಿನ ನೀರಿನ ಟ್ಯಾಂಕ್ ಎರಡು ತುಂಬಿದರೆ ಅಲ್ಲಿಗೇ 160 ಕೆ.ಜಿ. ಹೋಯ್ತು.

ಇನ್ನು ಫಲಕ ಹಾಕಿದ ಮೇಲೆ ಮಾಲೀಕ ಸೇರಿಸಿದ್ದು: ಇನ್ನೊಂದು ಬ್ಯಾಟರಿ, ಚಾವಣಿ ಮೇಲೆ ಎ.ಸಿ., ಸೋಲಾರ್, ಹಿಂದೆ ಸೈಕಲ್ ನೇತುಹಾಕೋ ಕಬ್ಬಿಣದ ಚೌಕಟ್ಟು. ಇದ್ಯಾವುದೂ ಆ 1600ರಲ್ಲಿ ಇಲ್ಲ. ನಾನು ಒಂದು ಕೆ.ಜಿ. ಸಾಮಾನು ಇಡೋ ಮೊದಲೇ ಫಲಕ ಸುಳ್ಳು ಹೇಳ್ತಿತ್ತು.

ನಾವು ತುಂಬಿದ್ದನ್ನ ಹೇಳಿದರೆ ನಗ್ತೀರಿ. ಇಪ್ಪತ್ತು ಕೆ.ಜಿ. ಸೋನಾ ಮಸೂರಿ ಮೂಟೆ, ಎರಡು ಕುಕ್ಕರ್, ಹತ್ತು ದಿನದ ಬೇಳೆ, ರವೆ, ಸಾರಿನ ಪುಡಿ, ಉಪ್ಪಿನಕಾಯಿ ಜಾಡಿ, ಎರಡು ಕೇಸ್ ಕುಡಿಯೋ ನೀರು, ಮಡಚೋ ಟೇಬಲ್ಲು, ಐದು ಕುರ್ಚಿ, ಮೂರು ಸೈಕಲ್ಲು. ಇದರ ಮೇಲೆ ಟೇಬಲ್ ಟಾಪ್ ಗ್ರೈಂಡರ್. ಹೌದು, ಕಲ್ಲಿನ ಗ್ರೈಂಡರ್. ಪವರ್ ಇರೋ ಜಾಗದಲ್ಲಿ ನಿಲ್ಲಿಸ್ತೀವಲ್ಲ, ಅಪ್ಪನಿಗೆ ದೋಸೆ ಇಲ್ಲದೆ ಆಗಲ್ಲ ಅಂತ ಹೆಂಡತಿ ಇಟ್ಟುಕೊಂಡಳು. ಮಿಕ್ಸಿ ಸಾಕು ಅಂತ ನಾನೂ ಹೇಳಲಿಲ್ಲ. ದೋಸೆ ನನಗೂ ಬೇಕಿತ್ತು.

ಮೆಲ್ಬರ್ನಿಂದ ಮಿಲ್ಡುರಾಗೆ 500 ಕಿ.ಮೀ.ಗೂ ಮೇಲೆ. ನಡುವೆ ಒಂದು ರಾತ್ರಿ ಉಳಿದು ನಿಧಾನಕ್ಕೆ ಹೋದೆವು, ಏನೂ ತೊಂದರೆ ಆಗಲಿಲ್ಲ. ಒಂದೇ ಕಿರಿಕಿರಿ ಅಂದರೆ ಕಾರಿನ ಹಿಂಭಾಗ ತಗ್ಗಿ ಮೂತಿ ಮೇಲಕ್ಕೆದ್ದಿತ್ತು, ಸ್ಟಿಯರಿಂಗ್ ಹಗುರ ಅನ್ನಿಸ್ತಿತ್ತು. ಮಿಲ್ಡುರಾದಲ್ಲಿ ನಾನೇ ಬುದ್ಧಿವಂತಿಕೆ ಉಪಯೋಗಿಸಿದೆ. ಮುಂದಿನ ಮಂಚದ ಕೆಳಗಿದ್ದ ಅಕ್ಕಿ, ನೀರು, ಟೂಲ್ ಬಾಕ್ಸ್ ಎಲ್ಲ ತೆಗೆದು ಹಿಂದಿನ ಅಡುಗೆಮನೆಗೆ, ಗ್ರೈಂಡರ್ ಪಕ್ಕಕ್ಕೆ ಸಾಗಿಸಿದೆ. ಮುಂದೆ ಬಯಲು ಅಂತ ಖಾಲಿಯಾಗಿದ್ದ ಎರಡೂ ಟ್ಯಾಂಕಿಗೆ ಅಂಚಿನವರೆಗೆ ನೀರು ಬಿಟ್ಟೆ. ನಮ್ಮ ಕ್ಯಾರವಾನಿನಲ್ಲಿ ಒಂದು ಟ್ಯಾಂಕು ಚಕ್ರಕ್ಕಿಂತ ಹಿಂದೆ. ಕಾರು ನೋಡೋಕೆ ಸಮ ಆಯ್ತು. ಖುಷಿಯಾಯ್ತು.

ಅಪ್ಪ ಸುಮ್ಮನೆ ನಿಂತು ನೋಡ್ತಿದ್ದರು. ಚನ್ನರಾಯಪಟ್ಟಣದ ಕಡೆಯ ಹಳ್ಳಿ ನಮ್ಮದು. ನಲವತ್ತು ವರ್ಷ ಗಾಡಿ ಹೊಡೆದವರು.

"ಹಿಂಭಾರ ಆಯ್ತಲ್ಲ ಮಗ."

"ಅಪ್ಪಾ, ಇದು ಎತ್ತಿನಗಾಡಿ ಅಲ್ಲ ಕಣಪ್ಪ."

"ಅಲ್ಲ ಅಂತ ನಂಗೂ ಗೊತ್ತು ಕಣ್ಲಾ" ಅಂದು ಸುಮ್ಮನಾದರು.

ಎತ್ತಿನಗಾಡಿಗೆ ಹುಲ್ಲು, ಗೊಬ್ಬರ ತುಂಬಿದವರಿಗೆ ಇದು ಗೊತ್ತು. ಹಿಂದೆ ಭಾರ ಹೆಚ್ಚಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತೆ. ಮುಂಭಾರ ಜಾಸ್ತಿಯಾದರೆ ಹೆಗಲು ಹುಣ್ಣಾಗುತ್ತೆ. ಕ್ಯಾರವಾನಿಗೂ ಲೆಕ್ಕ ಅದೇ. ಒಟ್ಟು ತೂಕದಲ್ಲಿ ಹೆಚ್ಚು ಕಡಿಮೆ ಹತ್ತನೇ ಒಂದು ಭಾಗ ಕಾರಿನ ಟೋ ಬಾಲ್ (ಕಾರಿನ ಹಿಂದೆ ಕ್ಯಾರವಾನ್ ಸಿಕ್ಕಿಸೋ ಕಬ್ಬಿಣದ ಗುಂಡು) ಮೇಲೆ ಕೂತಿರಬೇಕು ಅಂತಾರೆ ಇಲ್ಲಿನವರು. ಅದು ಕಡಿಮೆಯಾದರೆ ಕ್ಯಾರವಾನಿನ ಬಾಲ ಗಡಿಯಾರದ ಲೋಲಕದ ಹಾಗೆ ಆಡೋಕೆ ಶುರು ಮಾಡುತ್ತೆ. ವೇಗ ಕಡಿಮೆ ಇದ್ದಾಗ ಆ ತೂಗಾಟ ತಾನೇ ನಿಲ್ಲುತ್ತೆ. ಒಂದು ವೇಗ ದಾಟಿದ ಮೇಲೆ ನಿಲ್ಲೋದಿಲ್ಲ, ಬೆಳೆಯುತ್ತೆ. ಕಾರಿನ ಹಿಂಭಾಗ ತಗ್ಗಿದ್ದಕ್ಕೆ ಮಾಡಬೇಕಾಗಿದ್ದು ಸಾಮಾನು ಕಡಿಮೆ ಮಾಡೋದು, ಇಲ್ಲಾ ಭಾರ ಹಂಚೋ ಹಿಚ್ (ಕೊಂಡಿ) ಹಾಕಿಸೋದು. ನಾನು ಮಾಡಿದ್ದು ಥರ್ಮಾಮೀಟರ್ ತಣ್ಣೀರಲ್ಲಿಟ್ಟು ಜ್ವರ ಇಳೀತು ಅಂದ ಹಾಗೆ.

ಇನ್ನೊಂದು ಹೇಳಲೇಬೇಕು. ಮಿಲ್ಡುರಾದಿಂದ ವೆಂಟ್‌ವರ್ತ್ ಅರ್ಧ ಗಂಟೆ ದಾರಿ. ಮಕ್ಕಳು ಕ್ಯಾರವಾನ್ ಒಳಗೆ ಮಂಚದ ಮೇಲೆ ಮಲಗಿಕೊಂಡು ಬರ್ತೀವಿ ಅಂತ ಹಟ ಹಿಡಿದರು. ಅಷ್ಟು ದೂರ ತಾನೇ, ಮಲಗಲಿ ಬಿಡಿ ಅಂತ ಹೆಂಡತಿಯೂ ಅಂದಳು. ನಾನು ಬೇಡ ಅಂದೆ. ಓಡ್ತಿರೋ ಕ್ಯಾರವಾನಿನಲ್ಲಿ ಜನ ಕೂರೋದು ಇಲ್ಲಿ ಕಾನೂನಿಗೆ ವಿರುದ್ಧ, ದಂಡ ಬೀಳುತ್ತೆ ಅನ್ನೋ ಹೆದರಿಕೆಗೆ ಬೇಡ ಅಂದಿದ್ದು. ದಂಡದ ಹೆದರಿಕೆ ಇಲ್ಲದಿದ್ದರೆ ಹೂಂ ಅಂತಿದ್ದೆನೋ ಏನೋ. ಆ ಮಾತು ನೆನೆಸಿಕೊಂಡರೆ ಈಗಲೂ ರಾತ್ರಿ ಎಚ್ಚರ ಆಗುತ್ತೆ.

ವೆಂಟ್‌ವರ್ತ್‌ನಲ್ಲಿ ಡಾರ್ಲಿಂಗ್ ನದಿ ಮರ್ರೆ ನದಿಗೆ ಸೇರುತ್ತೆ. ಸಂಗಮ ಅಂತ ಹೇಳಿದ್ದೇ ತಡ, ಅಪ್ಪ ಚಪ್ಪಲಿ ಬಿಟ್ಟು ಇಳಿದು ಮೊಮ್ಮಕ್ಕಳ ತಲೆಗೆಲ್ಲ ನೀರು ಚಿಮುಕಿಸಿದರು. ಅಲ್ಲಿಂದ ಉತ್ತರಕ್ಕೆ ಸಿಲ್ವರ್ ಸಿಟಿ ಹೈವೇ. ಬ್ರೋಕನ್ ಹಿಲ್‌ವರೆಗೆ ಕೆಂಪು ಮಣ್ಣು, ಬೂದುಬಣ್ಣದ ಮೊಣಕಾಲೆತ್ತರದ ಗಿಡ, ಅಲ್ಲಲ್ಲಿ ಎಮು. ನಡುವೆ ಡೀಸೆಲ್, ಕಾಫಿ ಸಿಗೋಕೆ ಹೇಳಿಕೊಳ್ಳೋ ಜಾಗ ಅಂದರೆ ಕೂಂಬಾ ರೋಡ್‌ಹೌಸ್ ಒಂದೇ. "ಇಷ್ಟು ನೆಲ ಹಿಂಗೇ ಬಿಟ್ಟವ್ರಲ್ಲ" ಅಂತ ಅಪ್ಪ ಹತ್ತು ಸಲ ಅಂದಿರಬಹುದು.

ಒಂದು ಗಂಟೆ ಹೋಗಿದ್ದೆವೇನೋ. ನೂರರ ಮೇಲಿದ್ದೆ, ಸ್ವಲ್ಪ ಇಳಿಜಾರು, ಅಡ್ಡಗಾಳಿ ಬೇರೆ. ಎದುರಿಂದ ರೋಡ್ ಟ್ರೈನ್ ಬಂತು. ಒಂದೇ ಇಂಜಿನ್ನಿಗೆ ಟ್ರೇಲರ್ ಮೇಲೆ ಟ್ರೇಲರ್ ಕಟ್ಟಿರೋ ಲಾರಿ. ಈ ಥರದವು 53.5 ಮೀಟರ್‌ವರೆಗೂ ಉದ್ದ ಇರ್ತವೆ. ಅದರ ಮುಂದಿನ ಗಾಳಿ ನಮ್ಮನ್ನ ಎಡಕ್ಕೆ ತಳ್ಳಿತು, ದಾಟಿದ ಮೇಲೆ ಬಲಕ್ಕೆ ಎಳೀತು. ಕನ್ನಡಿಯಲ್ಲಿ ಕ್ಯಾರವಾನ್ ಒಂದು ಕಡೆ ಕಾಣಿಸ್ತು, ಆಮೇಲೆ ಇನ್ನೊಂದು ಕಡೆ. ಮೂರನೇ ಸಲಕ್ಕೆ ಕಾರಿನ ಹಿಂಭಾಗವನ್ನೇ ಎತ್ತಿ ಎತ್ತಿ ಒಗೀತಿತ್ತು. ನಾನು ಎಲ್ಲರೂ ಮಾಡೋದನ್ನೇ ಮಾಡಿದೆ. ಬ್ರೇಕ್ ಒತ್ತಿದೆ.

ಅದನ್ನ ಮಾಡಬಾರದು. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಸ್ಟಿಯರಿಂಗ್ ನೇರ ಹಿಡಿದು, ಆ ಚಿಕ್ಕ ಕಂಟ್ರೋಲರ್ ಇದೆಯಲ್ಲ, ಮಾಲೀಕ ಮುಟ್ಟಬೇಡ ಅಂದಿದ್ದು, ಅದರ ಗುಂಡಿಯಿಂದ ಕ್ಯಾರವಾನಿನ ಬ್ರೇಕ್ ಮಾತ್ರ ಹಾಕಬೇಕು. ಆಗ ಕ್ಯಾರವಾನ್ ಹಿಂದಕ್ಕೆ ಜಗ್ಗಿ ಸಾಲಿಗೆ ಬರುತ್ತೆ. ಕಾರಿನ ಬ್ರೇಕ್ ಜೋರಾಗಿ ಒತ್ತಿದರೆ ಹಿಂದಿನ ಎರಡು ಟನ್ನು ಕಾರನ್ನ ಮುಂದಕ್ಕೆ ನೂಕುತ್ತೆ. ನಮಗೆ ಆಗಿದ್ದು ಅದೇ. ಕಾರು ತಿರುಗಿ ಬಂದ ದಾರಿಗೇ ಮುಖ ಮಾಡಿ ಮಣ್ಣಲ್ಲಿ ನಿಂತಿತು, ಕ್ಯಾರವಾನ್ ಕಿತ್ತುಕೊಂಡು ಮಗ್ಗುಲಾಗಿ ಬಿತ್ತು. ಕೆಂಪು ಧೂಳು ಇಳಿಯೋವರೆಗೆ ಯಾರಿಗೂ ಮಾತಿಲ್ಲ. ಆಮೇಲೆ ಮಗ "ಅಪ್ಪಾ, ನಮ್ಮ ಮನೆ ಬಿದ್ದೋಯ್ತು" ಅಂದ.

ನಮ್ಮಿಬ್ಬರ ಫೋನಲ್ಲೂ ಒಂದು ಕಡ್ಡಿ ಸಿಗ್ನಲ್ ಇಲ್ಲ. ಗಾಡಿಯಿಂದ ಗಾಡಿಗೆ ಮಾತಾಡೋ ಯುಎಚ್‌ಎಫ್ ರೇಡಿಯೋ ತಗೊಂಡಿರಲಿಲ್ಲ, ಅದೆಲ್ಲ ಲಾರಿಯವರಿಗೆ ಅಂದುಕೊಂಡಿದ್ದೆ. ಆ ರೋಡ್ ಟ್ರೈನ್ ಡ್ರೈವರ್ ಕನ್ನಡಿಯಲ್ಲಿ ಧೂಳು ಕಂಡು, ಬಹಳ ಮುಂದೆ ನಿಲ್ಲಿಸಿ, ಓಡಿ ಬಂದ. ಬಂದವನು ಮೊದಲು ನಮ್ಮ ಹತ್ತಿರ ಬರಲಿಲ್ಲ, ಕ್ಯಾರವಾನಿನ ಮುಂದಿದ್ದ ಗ್ಯಾಸ್ ಸಿಲಿಂಡರ್‌ಗಳನ್ನ ಬಂದ್ ಮಾಡಿದ. ಹಾಲು ಕೆಡದಿರಲಿ ಅಂತ ಫ್ರಿಜ್ಜನ್ನ ಗ್ಯಾಸಿನ ಮೇಲೆ ಹಾಕಿಕೊಂಡೇ ಓಡಿಸ್ತಿದ್ದೆ. ಇದನ್ನೂ ಮಾಡಬೇಡಿ. ರೇಡಿಯೋದ 40ನೇ ಚಾನೆಲ್ಲಿನಲ್ಲಿ ಅವನು ಕೂಗಿದ್ದು ಇನ್ನೊಂದು ಲಾರಿಗೆ ಕೇಳಿಸಿ, ಅಲ್ಲಿಂದ ಆಂಬ್ಯುಲೆನ್ಸ್‌ಗೆ ಸುದ್ದಿ ಹೋಯ್ತು.

ಕಾಯೋ ಹೊತ್ತಲ್ಲಿ ಕ್ಯಾರವಾನ್ ಒಳಗೆ ಇಣುಕಿದೆ. ಮಕ್ಕಳು ಮಲಗಿಕೊಂಡು ಬರ್ತೀವಿ ಅಂದಿದ್ದ ಮಂಚದ ಮೇಲೆ ಮೈಕ್ರೋವೇವು, ಕಪಾಟಿನ ಬಾಗಿಲು, ಒಡೆದ ಉಪ್ಪಿನಕಾಯಿ ಜಾಡಿ. ಹೆಂಡತಿಯನ್ನ ಒಳಗೆ ನೋಡೋಕೆ ಬಿಡಲಿಲ್ಲ.

ಎಳೆಯೋ ಗಾಡಿಯವನು ಬ್ರೋಕನ್ ಹಿಲ್‌ನಿಂದ ಎರಡು ಗಂಟೆಗೆ ಬರ್ತೀನಿ ಅಂದಿದ್ದನಂತೆ, ಬಂದಿದ್ದು ಎರಡೂವರೆಗೆ. ಬೈದುಕೊಂಡೆ. ಆಮೇಲೆ ಗೊತ್ತಾಯ್ತು, ಆ ಊರು ನ್ಯೂ ಸೌತ್ ವೇಲ್ಸ್‌ನಲ್ಲಿದ್ದರೂ ಗಡಿಯಾರ ದಕ್ಷಿಣ ಆಸ್ಟ್ರೇಲಿಯಾದ್ದು, ಅರ್ಧ ಗಂಟೆ ಹಿಂದೆ. ಅವನು ಸರಿಯಾದ ಹೊತ್ತಿಗೇ ಬಂದಿದ್ದ.

ಈಗ ದುಡ್ಡು. ವಿಮೆಯವರು ಮಗ್ಗುಲಾದ ಕ್ಯಾರವಾನನ್ನ ಸಾಮಾನು ಸಮೇತ ತೂಕಕ್ಕೆ ಹಾಕಿಸಿದರು. 2240 ಕೆ.ಜಿ. ಎಟಿಎಂಗಿಂತ 290 ಹೆಚ್ಚು, ನನ್ನ ಕಾರಿನ ಮಿತಿಗಿಂತ 240 ಹೆಚ್ಚು. ಅದೂ ಒಂದು ಟ್ಯಾಂಕಿನ ನೀರು ಸೋರಿಹೋದ ಮೇಲೆ. ಬಾಡಿಗೆ ಕರಾರಿನ ಹನ್ನೊಂದನೇ ಪುಟದಲ್ಲಿ, ಮಿತಿ ಮೀರಿ ಭಾರ ಹೇರಿದರೆ ವಿಮೆ ಅನ್ವಯಿಸೋದಿಲ್ಲ ಅಂತ ಒಂದು ಸಾಲು. ಅಲ್ಲಿಗೆ ಕ್ಯಾರವಾನಿನ ಪೂರ್ತಿ ಬೆಲೆ ನನ್ನ ತಲೆಗೆ. ನನ್ನ ಕಾರಿನ ವಿಮೆಯವರೂ ಅದೇ ಕಾರಣ ಕೊಟ್ಟು ಕೈ ತೊಳೆದುಕೊಂಡರು. ನಿಮ್ಮ ಫಲಕದ ಟೇರೇ ತಪ್ಪು ಅಂತ ಮಾಲೀಕನ ಮೇಲೆ ವಾದ ಮಾಡಿ ಸ್ವಲ್ಪ ಇಳಿಸಿಕೊಂಡೆ. ಉಳಿದಿದ್ದನ್ನ ಕಂತಿನಲ್ಲಿ ಕಟ್ತಿದ್ದೀನಿ, ಇನ್ನೂ ಎರಡು ವರ್ಷ ಇದೆ. ಬಚಾವಾಗಿದ್ದು ಒಂದರಲ್ಲಿ: ಅಪ್ಪನಿಗೆ ಊರಿಂದ ಹೊರಡುವಾಗಲೇ ಪ್ರವಾಸಿ ವಿಮೆ ಮಾಡಿಸಿದ್ದೆ. ಆಂಬ್ಯುಲೆನ್ಸ್ ಖರ್ಚನ್ನ ಇಲ್ಲಿನ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಕೊಡೋದಿಲ್ಲ, ನೀವು ಇಲ್ಲಿನ ಪೌರರೇ ಆಗಿದ್ದರೂ. ಇದು ನಮ್ಮವರಲ್ಲಿ ಸುಮಾರು ಜನಕ್ಕೆ ಗೊತ್ತಿಲ್ಲ.

ಹೋಗಬೇಡಿ ಅಂತ ಹೇಳ್ತಿಲ್ಲ. ಹೊರಡೋ ದಿನ, ಎಲ್ಲ ತುಂಬಿ, ನೀರು ಬಿಟ್ಟು, ಹೆಂಡತಿ ಮಕ್ಕಳನ್ನೂ ಕೂರಿಸಿಕೊಂಡು, ಸೀದಾ ವೇ ಬ್ರಿಡ್ಜಿಗೆ ಹೋಗಿ. ಕಸ ವಿಲೇವಾರಿ ಕೇಂದ್ರಗಳಲ್ಲಿ, ಕಲ್ಲು ಕ್ವಾರಿಗಳಲ್ಲಿ ಸಾರ್ವಜನಿಕರಿಗೂ ತೂಕ ಹಾಕಿಕೊಡ್ತಾರೆ. ಕ್ಯಾರವಾನ್ ಬೇರೆ, ಕಾರು ಬೇರೆ ತೂಗಿಸಿ. ಟೋ ಬಾಲ್ ಮೇಲಿನ ಭಾರ ನೋಡೋಕೆ ಒಂದು ಚಿಕ್ಕ ತಕ್ಕಡಿ ಸಿಗುತ್ತೆ, ತಗೊಳ್ಳಿ. ಮಾಲೀಕ ಬಾಯಲ್ಲಿ ಹೇಳಿದ ಅಂಕಿ ನಂಬಬೇಡಿ. ಬ್ರೇಕ್ ಕಂಟ್ರೋಲರಿನ ಗುಂಡಿ ಎಲ್ಲಿದೆ ಅಂತ ಕೈಗೆ ರೂಢಿ ಮಾಡಿಕೊಂಡೇ ಹೆದ್ದಾರಿ ಹತ್ತಿ.

ಅವತ್ತು ಸಾಮಾನು ಆರಿಸಿ ರಸ್ತೆ ಪಕ್ಕ ಗುಡ್ಡೆ ಹಾಕ್ತಿದ್ದಾಗ ಆ ಲಾರಿ ಡ್ರೈವರ್ ಗಿಡಗಳ ಸಂದಿಯಿಂದ ಒಂದು ಭಾರದ ವಸ್ತು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದ. ನಲವತ್ತು ಹೆಜ್ಜೆ ಆಚೆ ಬಿದ್ದಿತ್ತಂತೆ. ಇದು ಕ್ಯಾರವಾನಿನ ಯಾವ ಭಾಗ ಅಂತ ಕೇಳಿದ. ಗ್ರೈಂಡರಿನ ಕಲ್ಲು. ಆಂಬ್ಯುಲೆನ್ಸಿನ ಮೆಟ್ಟಿಲ ಮೇಲೆ ತೋಳು ಕಟ್ಟಿಸಿಕೊಂಡು ಕೂತಿದ್ದ ಅಪ್ಪ ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಏನೂ ಅನ್ನಲಿಲ್ಲ.